ಸ್ವಾವಲಂಬಿಯ ಹೆಂಡತಿ

ಟಾರ್ಚ್ ಹಿಡಿಯುವುದು ಒಂದು ಕೆಲಸ ಅಂತ ಯಾರೂ ಒಪ್ಪುವುದಿಲ್ಲ. ಅದಕ್ಕೆ ಸಂಬಳ ಇಲ್ಲ, ರಜೆ ಇಲ್ಲ, ಕೊನೆಗೆ ಒಂದು ಥ್ಯಾಂಕ್ಸ್ ಕೂಡ ಇಲ್ಲ. ಆದರೆ ಭಾನುವಾರ ಬಂತು ಅಂದರೆ ನನಗೆ ಅದೇ ಕೆಲಸ. ಯಾಕೆಂದರೆ ನಮ್ಮನೆಯವರು ಸ್ವಾವಲಂಬಿ.

ಎಲ್ಲವನ್ನೂ ತಾವೇ ಮಾಡಿಕೊಳ್ಳುತ್ತಾರೆ. ಅವರು ತಾವೇ ಮಾಡಿಕೊಳ್ಳಬೇಕಾದರೆ ಟಾರ್ಚ್ ಹಿಡಿಯಲು ಒಬ್ಬರು ಬೇಕು. ಸ್ಟೂಲ್ ಅಲ್ಲಾಡದಂತೆ ಹಿಡಿದುಕೊಳ್ಳಲು ಒಬ್ಬರು ಬೇಕು. ‘ಇಲ್ಲೇ ಇಟ್ಟಿದ್ದೆ ಕಣೇ’ ಅಂತ ಹೇಳಿದ ಸ್ಕ್ರೂಡ್ರೈವರ್ ಹುಡುಕಲು ಒಬ್ಬರು, ಎಲ್ಲ ಮುಗಿದ ಮೇಲೆ ನೆಲ ಒರೆಸಲು ಒಬ್ಬರು. ಈ ಒಬ್ಬರೆಲ್ಲ ನಾನೇ. ಸ್ಟೂಲಿಗೆ ಮಾತ್ರ ಅತ್ತೆ.

ಶುರುವಾಗುವುದು ಯಾವಾಗಲೂ ಒಂದೇ ಮಾತಿನಿಂದ. ‘ಇಷ್ಟಕ್ಕೆಲ್ಲಾ ಯಾರನ್ನಾದ್ರೂ ಕರೀತಾರಾ?’ ಈ ಮಾತು ಕಿವಿಗೆ ಬಿದ್ದ ಕೂಡಲೇ ನಾನು ಗ್ಯಾಸ್ ಆಫ್ ಮಾಡುತ್ತೇನೆ. ಅತ್ತೆ ಕನ್ನಡಕ ತೆಗೆದು ಬೀರುವಿನಲ್ಲಿ ಇಡುತ್ತಾರೆ. ಮಗಳಿಗೆ ಇದ್ದಕ್ಕಿದ್ದಂತೆ ಓದಿನ ಮೇಲೆ ಭಕ್ತಿ ಬಂದು ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ.

ಈ ಹುಚ್ಚು ಹತ್ತಿದ್ದು 2023ರ ಜುಲೈನಲ್ಲಿ. ನೆನಪಿದೆ ಅಲ್ವಾ, ಟೊಮೆಟೊ ಕೆಜಿಗೆ ನೂರು ದಾಟಿ ಊರಿನ ಸಾರೆಲ್ಲ ಬೆಳ್ಳಗಾಗಿದ್ದ ಕಾಲ. ‘ನಮ್ಮ ಟೊಮೆಟೊ ನಾವೇ ಬೆಳೆಯೋಣ’ ಅಂದರು. ಗ್ರೋ ಬ್ಯಾಗ್ ಬಂತು, ಎರೆಗೊಬ್ಬರ ಬಂತು, ಬೇವಿನ ಎಣ್ಣೆ ಬಂತು, ಅದನ್ನು ಹೊಡೆಯಲು ಸ್ಪ್ರೇ ಬಾಟ್ಲಿ ಬಂತು. ಕೊಕೊಪೀಟ್ ಅಂತ ಇಟ್ಟಿಗೆಯಂಥದ್ದೊಂದು ಬಂತು. ಅತ್ತೆ ಚನ್ನರಾಯಪಟ್ಟಣದ ಕಡೆಯವರು, ತೆಂಗಿನ ತೋಟದಲ್ಲೇ ಹುಟ್ಟಿ ಬೆಳೆದವರು. ಟಬ್ಬಿನಲ್ಲಿ ನೆನೆದು ಉಬ್ಬಿದ ಅದನ್ನು ಬೆರಳಲ್ಲಿ ಉಜ್ಜಿದರು, ಮೂಸಿದರು. ‘ಇದು ನಾರಿನ ಪುಡಿ ಅಲ್ವೇನೋ? ಇದಕ್ಕೂ ದುಡ್ಡು ಕೊಟ್ಯಾ?’ ಅಂದರು. ‘ಅಮ್ಮಾ, ಇದು ಆರ್ಗ್ಯಾನಿಕ್’ ಅಂದರು ಮಗ. ‘ನಮ್ಮ ಕಡೆ ನಾರಿನ ಫ್ಯಾಕ್ಟರಿ ಹಿಂದೆ ಗುಡ್ಡೆ ಬಿದ್ದಿರುತ್ತೆ, ಮೂಸಿ ನೋಡೋರಿಲ್ಲ’ ಅಂತ ಅತ್ತೆ ಒಳಗೆ ಹೋದರು.

ಸಸಿ ನೆಟ್ಟು ಹಣ್ಣು ಕಾಣಬೇಕಾದರೆ ಎರಡು, ಎರಡೂವರೆ ತಿಂಗಳಾದರೂ ಬೇಕು. ನಮ್ಮ ಗಿಡದಲ್ಲಿ ಹಣ್ಣು ಕೆಂಪಾಗುವ ಹೊತ್ತಿಗೆ ಸೆಪ್ಟೆಂಬರ್ ಕಳೆಯುತ್ತಿತ್ತು, ಮಾರುಕಟ್ಟೆಯಲ್ಲಿ ಬೆಲೆ ಪಾತಾಳಕ್ಕೆ ಇಳಿದಿತ್ತು. ತಳ್ಳುಗಾಡಿಯವನು ಕೊತ್ತಂಬರಿ ಜೊತೆಗೆ ಟೊಮೆಟೊ ಸುಮ್ನೆ ಹಾಕಿಕೊಡುವ ಕಾಲಕ್ಕೆ ನಮ್ಮ ಬೆಳೆ ಕೈಗೆ ಬಂತು. ಒಂದು ಹೊತ್ತಿನ ಗೊಜ್ಜಿಗೆ ಸಾಕಾಯಿತು. ಖರ್ಚಿನ ಲೆಕ್ಕ ನಾನು ಬಾಯಿಬಿಟ್ಟು ಹೇಳಲಿಲ್ಲ. ಗೊಜ್ಜು ಬಡಿಸುವಾಗ ‘ಇನ್ನೊಂದು ಇನ್ನೂರು ರೂಪಾಯಿ ಹಾಕ್ಲಾ?’ ಅಂದೆ ಅಷ್ಟೆ.

ಆಮೇಲೆ ಬಂತು 2024ರ ಬೇಸಿಗೆ. ಬೆಂಗಳೂರಿನಲ್ಲಿದ್ದವರಿಗೆ ಬೇರೆ ಹೇಳಬೇಕಾಗಿಲ್ಲ. ಬೋರ್‌ವೆಲ್ ಬತ್ತಿದವು, ಟ್ಯಾಂಕರಿನವರು ಫೋನ್ ಎತ್ತುವುದು ನಿಲ್ಲಿಸಿದರು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ನಮ್ಮನೆಯವರಿಗೆ ಜ್ಞಾನೋದಯವಾಯಿತು. ನಲ್ಲಿಗಳಿಗೆಲ್ಲ ಏರೇಟರ್ ಅಂತ, ನೀರಿಗೆ ಗಾಳಿ ಬೆರೆಸಿ ಹರಿವು ಕಡಿಮೆ ಮಾಡುವ ಜಾಲರಿ ಮೂತಿ ತಂದು ತಾವೇ ತಿರುಗಿಸಿದರು. ನಿಜ ಹೇಳಬೇಕು, ಅದು ಚೆನ್ನಾಗಿಯೇ ಆಯಿತು. ಪಾತ್ರೆ ತೊಳೆಯುವ ನೀರು ಕಣ್ಣಿಗೆ ಕಾಣುವಷ್ಟು ಉಳಿಯಿತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಮಳೆ ನೀರು ಹಿಡಿಯಬೇಕು ಅಂದರು. ಕಾಗದ ಪೆನ್ನು ತಂದು ಕೂರಿಸಿಕೊಂಡು ಲೆಕ್ಕ ಹೇಳಿದರು. ಸಾವಿರ ಚದರ ಅಡಿ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಜಾಸ್ತಿ ನೀರು. ಸೋರಿದ್ದು, ಆರಿದ್ದು ಕಳೆದರೂ 800 ಲೀಟರ್ ಎಲ್ಲೂ ಹೋಗುವುದಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ತಂದದ್ದು 200 ಲೀಟರಿನ ನೀಲಿ ಡ್ರಮ್. ಮೊದಲ ಜೋರು ಮಳೆಗೆ ಉಳಿದ 600 ಲೀಟರ್ ನೇರವಾಗಿ ಎದುರುಮನೆಯವರ ರಂಗೋಲಿ ಮೇಲೆ ಹೋಯಿತು. ಎದುರುಮನೆಯವರ ಹತ್ತಿರ ಮಾತಾಡಿ ಬಂದದ್ದು ಯಾರು ಅಂತ ಹೇಳಬೇಕಾ? ಅದೇ ವರ್ಷ ಡೆಂಗಿ ಜೋರಿತ್ತು. ಮನೆಮನೆಗೆ ಬರುತ್ತಿದ್ದ ಆಶಾ ಕಾರ್ಯಕರ್ತೆ ಡ್ರಮ್ಮಿಗೆ ಟಾರ್ಚ್ ಬಿಟ್ಟು ನೋಡಿದರು. ಅವರ ಟಾರ್ಚ್ ಅವರೇ ಹಿಡಿದುಕೊಂಡಿದ್ದರು, ನನಗೆ ಗೌರವ ಬಂತು. ‘ಮೇಲೆ ಬಟ್ಟೆ ಕಟ್ಟಿ ಮೇಡಂ, ಒಳ್ಳೆ ನೀರಲ್ಲೇ ಆ ಸೊಳ್ಳೆ ಮೊಟ್ಟೆ ಇಡೋದು’ ಅಂದರು. ಕಟ್ಟಿದ ಬಟ್ಟೆ ನನ್ನ ಕಾಟನ್ ಸೀರೆ. ಹಳೆಯದು ಅಂತ ನಿರ್ಧಾರ ಮಾಡಿದವರು ನಮ್ಮನೆಯವರು.

ಕಾಂಪೋಸ್ಟ್ ವಿಷಯ ಬೇಗ ಮುಗಿಸುತ್ತೇನೆ, ನೀವು ಊಟಕ್ಕೆ ಕೂತಿರಬಹುದು. ಹಸಿ ಕಸ ಹಾಕಿದಷ್ಟೂ ಒಣಗಿದ ಎಲೆ ಹಾಕಬೇಕು, ಇಲ್ಲದಿದ್ದರೆ ನೀರಾಡಿ ನಾರುತ್ತದೆ. ಇವರು ಕಸ ಹಾಕಿದರು, ಎಲೆ ‘ನಾಳೆ ತರ್ತೀನಿ’ ಅಂದರು. ಆಮೇಲೆ ಮುಚ್ಚಳ ತೆಗೆದರೆ ಒಳಗೆ ಓಡಾಟ. ‘ಅವು ಒಳ್ಳೆ ಹುಳ ಕಣೇ, ಏನೂ ಮಾಡಲ್ಲ, ಕಸ ತಿಂತಾವೆ’ ಅಂದರು. ಹುಳ ಒಳ್ಳೆಯವೇ ಇರಬಹುದು, ಆದರೆ ಅವು ನಮ್ಮ ದೇವರಮನೆ ಬಾಗಿಲವರೆಗೆ ಯಾಕೆ ಬರಬೇಕು?

ಮೂಸಂಬಿ, ನಿಂಬೆ ಸಿಪ್ಪೆಯ ಬಯೋ ಎಂಜೈಮ್ ಗೊತ್ತಲ್ಲ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು ಕಾಯಬೇಕು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು, ಇಲ್ಲದಿದ್ದರೆ ಒಳಗೇ ಅನಿಲ ತುಂಬಿಕೊಳ್ಳುತ್ತದೆ. ಇದನ್ನೆಲ್ಲ ನನಗೆ ಪಾಠ ಮಾಡಿದ್ದರು. ಆಮೇಲೆ ಎಲ್ಲರೂ ಶಿವಮೊಗ್ಗಕ್ಕೆ ಮದುವೆಗೆ ಹೋದೆವು. ವಾಪಸ್ ಬಂದಾಗ ಬಾಟ್ಲಿ, ಮದುವೆ ಊಟ ಮುಗಿಸಿದ ಸೋದರಮಾವನ ಹೊಟ್ಟೆಯ ಹಾಗೆ ಊದಿಕೊಂಡು ಸಜ್ಜೆ ಮೇಲೆ ಕೂತಿತ್ತು. ‘ಮುಟ್ಬೇಡ, ನಾನೇ ನೋಡ್ಕೋತೀನಿ’ ಅಂದರು. ನೋಡಿಕೊಂಡರು. ಚಾವಣಿಯ ಕಂದು ಕಲೆ ಇವತ್ತಿಗೂ ಇದೆ. ನೆಲ ಒರೆಸುವ ದ್ರಾವಣ ಮಾಡಲು ಹೋಗಿ ನೆಲ, ಗೋಡೆ, ಚಾವಣಿ ಎಲ್ಲ ಒರೆಸಿದ್ದಾಯಿತು, ಅಂಗಡಿಯಿಂದ ತಂದ ಫಿನಾಯಿಲ್‌ನಲ್ಲಿ.

ಪಾತ್ರೆಗೆ ಅಂಟುವಾಳಕಾಯಿ ಬಂತು. ನೆನೆಹಾಕಿ, ಕುದಿಸಿ, ಹಿಚುಕಿ, ಸೋಸಿ ಕೊಟ್ಟರು. ಮನೆ ಕೆಲಸಕ್ಕೆ ಬರುವಾಕೆ ಒಂದು ಬಾಣಲೆ ಉಜ್ಜಿ ನೋಡಿ ನನ್ನ ಹತ್ತಿರ ಮೆಲ್ಲಗೆ, ‘ಅಕ್ಕಾ, ಇದ್ರಲ್ಲಿ ಪೂರಿ ಕರಿದ ಜಿಡ್ಡು ಹೋಗಲ್ಲ. ನಾಳೆಯಿಂದ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ’ ಅಂದಳು. ಗಂಡನನ್ನು ಬೇರೆ ನೋಡಿಕೊಳ್ಳಬಹುದು, ಕೆಲಸದವಳನ್ನು ಆಗುತ್ತದೆಯೇ? ಅಕ್ಕಿ ಡಬ್ಬದ ಹಿಂದೆ ಒಂದು ಸೋಪಿನ ಬಿಲ್ಲೆ ಇದೆ. ಅದು ಅವಳಿಗೆ ಗೊತ್ತು, ನನಗೆ ಗೊತ್ತು, ಅತ್ತೆಗೆ ಗೊತ್ತು. ನೆಂಟರು ಬಂದಾಗ ಇವರು ಫಳಫಳ ಹೊಳೆಯುವ ಲೋಟ ಎತ್ತಿ ತೋರಿಸಿ ‘ಒಂದು ಹನಿ ಕೆಮಿಕಲ್ ಇಲ್ಲ’ ಅನ್ನುತ್ತಾರೆ. ಅತ್ತೆ ಆಗ ಕಿಟಕಿಯ ಆಚೆ ನೋಡುತ್ತಾರೆ.

ಈಗ ಮೊನ್ನೆ ಭಾನುವಾರಕ್ಕೆ ಬರೋಣ. ಅಡುಗೆಮನೆ ನಲ್ಲಿ ತೊಟ್ಟಿಕ್ಕುತ್ತಿತ್ತು. ಒಳಗಿನ ವಾಷರ್ ಸವೆದಿದೆ, ಐದು ಹತ್ತು ರೂಪಾಯಿಯ ವಸ್ತು. ‘ಇಷ್ಟಕ್ಕೆಲ್ಲಾ...’ ಅಂದರು. ನಾನು ಗ್ಯಾಸ್ ಆಫ್ ಮಾಡಿದೆ.

‘ಬಾ ಇಲ್ಲಿ, ಸ್ವಲ್ಪ ಟಾರ್ಚ್ ಹಿಡಿ.’

ಹಿಡಿದೆ. ‘ಅಲ್ಲಿ ಅಲ್ಲ, ಇಲ್ಲಿ.’ ಇಲ್ಲಿ ಹಿಡಿದೆ. ‘ನನ್ನ ಕಣ್ಣಿಗೆ ಬಿಡ್ತೀಯಲ್ಲಾ.’ ಕೆಳಗೆ ಮಾಡಿದೆ. ‘ನೆರಳು ಬೀಳ್ತಿದೆ ನೋಡು.’ ನೆರಳು ಅವರ ತಲೆಯದೇ. ಹಾಗಂತ ಹೇಳಿದೆ. ‘ತಲೆ ತೆಗೆದಿಡ್ಲಾ?’ ಅಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು, ಭಾನುವಾರ ಅಂತ ಸುಮ್ಮನಿದ್ದೆ. ಅಷ್ಟರಲ್ಲಿ ಟಾರ್ಚ್ ಹಿಡಿದಿದ್ದ ಫೋನಿಗೆ ನಮ್ಮಮ್ಮನ ಫೋನ್ ಬಂತು. ಕಟ್ ಮಾಡಲು ಹೋಗಿ ಬೆಳಕು ಪಕ್ಕಕ್ಕೆ ಹೋಯಿತು. ‘ಒಂದು ಟಾರ್ಚ್ ನೆಟ್ಟಗೆ ಹಿಡಿಯೋಕೆ ಬರಲ್ವಾ ನಿನಗೆ?’ ಎಂಎಸ್ಸಿ ಓದಿದ್ದೇನೆ. ಇಪ್ಪತ್ತು ಜನರ ಟೀಮ್ ನಡೆಸುತ್ತೇನೆ. ಆದರೂ ಆ ಕ್ಷಣದಲ್ಲಿ ನನಗೇ ಅನುಮಾನ ಬಂತು, ನಿಜಕ್ಕೂ ನನಗೆ ಟಾರ್ಚ್ ಹಿಡಿಯಲು ಬರುವುದಿಲ್ಲವೇನೋ ಅಂತ. ಇನ್ನೊಂದು ವಿಷಯ ಗಮನಿಸಿದ್ದೀರಾ? ರಿಪೇರಿ ಚೆನ್ನಾಗಿ ಆದರೆ ಅದು ಅವರ ಕೈಚಳಕ. ಕೆಟ್ಟರೆ ಟಾರ್ಚ್ ಸರಿಯಾಗಿ ಹಿಡಿಯಲಿಲ್ಲ.

‘ಮೇಲೆ ವಾಲ್ವ್ ಬಂದ್ ಮಾಡಿದೀರಾ?’ ಅಂತ ಕೇಳಿದೆ. ‘ಮಾಡಿದೀನಿ, ಮಾಡಿದೀನಿ’ ಅಂದರು. ತಾರಸಿಯ ಆ ಗೇಟ್‌ವಾಲ್ವ್ ಮನೆ ಕಟ್ಟಿದಾಗಿನಿಂದ ಯಾರೂ ಮುಟ್ಟಿದ್ದಲ್ಲ. ತುಕ್ಕು ಹಿಡಿದು ಅರ್ಧಕ್ಕೇ ನಿಂತಿತ್ತು, ಇವರು ಪೂರ್ತಿ ಮುಚ್ಚಿತು ಅಂದುಕೊಂಡಿದ್ದರು. ಪಾನ ಹಾಕಿ ಒಂದು ಸುತ್ತು, ಎರಡು ಸುತ್ತು. ನಲ್ಲಿಯ ತಲೆ ಕಳಚಿ ಸಿಂಕಿಗೆ ಬಿತ್ತು. ನೀರು ಚಾವಣಿಯ ಎಂಜೈಮ್ ಕಲೆಯವರೆಗೂ ಹಾರಿತು.

‘ಒತ್ತಿ ಹಿಡ್ಕೋ!’ ಅಂತ ಕೂಗಿ ಮೆಟ್ಟಿಲು ಹತ್ತಿ ಓಡಿದರು. ನಾನು ಹೆಬ್ಬೆರಳು ಇಟ್ಟೆ. ಸೀರೆ, ತಲೆ, ಒಗ್ಗರಣೆಗೆ ಹೆಚ್ಚಿಟ್ಟ ಈರುಳ್ಳಿ ಎಲ್ಲ ಒದ್ದೆ. ಅತ್ತೆ ಬಂದು ನೋಡಿ, ಮಾತಾಡದೆ ಒಂದು ಬಕೆಟ್ ತಂದು ಕೆಳಗಿಟ್ಟರು. ‘ಸುಮ್ನೆ ಯಾಕೆ ಹಾಳಾಗ್ಬೇಕು’ ಅಂದರು. ನಾನು ಕಾದೆ. ನೀರು ನಿಲ್ಲಲಿಲ್ಲ. ಅಡುಗೆಮನೆ ಕಿಟಕಿಯಿಂದ ತಾರಸಿಯ ಮಾತು ಕೇಳುತ್ತದೆ. ಪಕ್ಕದ ಮನೆ ಅಂಕಲ್ ಗಿಡಕ್ಕೆ ನೀರು ಹಾಕುತ್ತಿದ್ದರು.

‘ಏನ್ಸಾರ್, ನಿಮ್ಮ ಟೊಮೆಟೊ ಎಲೆ ಮುದುಡ್ಕೊಂಡಿದೆಯಲ್ಲಾ?’

‘ಅದು ಬಿಳಿನೊಣದಿಂದ ಬರೋ ರೋಗ ಸಾರ್. ಒಂದ್ ಲೀಟರ್ ನೀರಿಗೆ ಐದ್ ಎಂಎಲ್ ಬೇವಿನ ಎಣ್ಣೆ...’

‘ರೀ!’ ಅಂತ ಕೂಗಿದೆ.

‘...ಎಣ್ಣೆ ನೀರಲ್ಲಿ ಬೆರೆಯಲ್ಲ ಅಲ್ವಾ, ಅದಕ್ಕೆ ಎರಡು ಹನಿ ಸೋಪಿನ ನೀರು. ಬೆಳಗ್ಗೆ ಅಥವಾ ಸಂಜೆ ಹೊಡೀಬೇಕು, ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡುತ್ತೆ.’

‘ರೀ!!’

‘ಎಲೆ ಕೆಳಗಡೆ ಬೀಳೋ ಹಾಗೆ ಹೊಡೀಬೇಕು ಸಾರ್, ಅದು ಮುಖ್ಯ.’

ಬಿಳಿನೊಣದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಹೆಬ್ಬೆರಳು ನಲ್ಲಿಯಲ್ಲಿಟ್ಟುಕೊಂಡು ಕಲಿತದ್ದು.

ಪ್ಲಂಬರ್ ಬಂದದ್ದು ಸಂಜೆ. ವಾಲ್ವ್ ಹೊಸದು, ನಲ್ಲಿ ಹೊಸದು, ಭಾನುವಾರ ಬಂದದ್ದಕ್ಕೆ ಬೇರೆ. ಸಿಂಕಿನ ಕೆಳಗೆ ತಲೆ ಹಾಕಿ ಅವನು, ‘ಸಾರ್, ಸ್ವಲ್ಪ ಲೈಟ್ ಹಿಡೀರಿ’ ಅಂದ. ನಾನು ಸೋಫಾದ ಮೇಲೆ ನೆಟ್ಟಗೆ ಕೂತೆ, ಈ ದೃಶ್ಯ ತಪ್ಪಿಸಿಕೊಳ್ಳಬಾರದು ಅಂತ. ಇವರು ಬಗ್ಗಿ ಫೋನ್ ತೆಗೆದರು. ಆಮೇಲೆ ನನ್ನ ಕಡೆ ತಿರುಗಿ, ‘ಬಾ ಇಲ್ಲಿ, ಸ್ವಲ್ಪ ಹಿಡಿ’ ಅಂದರು.

ರಾತ್ರಿ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುವಾಗ ಇದನ್ನೇ ಹೇಳಿಕೊಂಡು ಗೊಣಗಿದೆ. ಅವರು ನಕ್ಕರು. ಬಚ್ಚಲ ನೀರು ಬಾಳೆಗಿಡಕ್ಕೆ ಹೋಗುವ ಹಾಗೆ ಕಾಲುವೆ ತೆಗೆದದ್ದು ಅವರೇ ಅಂತೆ. ಪಾತ್ರೆಗೆ ಬೂದಿ, ಹುಣಸೆಹಣ್ಣು, ಉಜ್ಜಲು ತೆಂಗಿನ ನಾರು. ಗರಿ ಸೀಳಿ ಪೊರಕೆ, ಚಿಪ್ಪಿಗೆ ಹಿಡಿ ಹಾಕಿ ಸೌಟು. ಹರಿದ ಪಂಚೆ ಮಗುವಿನ ಲಂಗೋಟಿ ಆಗಿ, ಆಮೇಲೆ ಮಸಿ ಬಟ್ಟೆ ಆಗಿ, ಕೊನೆಗೆ ದೀಪದ ಬತ್ತಿ ಆಗುತ್ತಿತ್ತು. ‘ನಿಮ್ಮ ಮಾವನಿಗೆ ಇದ್ಯಾವುದೂ ಗೊತ್ತೇ ಇರ್ಲಿಲ್ಲ ಕಣೇ. ಊಟಕ್ಕೆ ಕೂತ್ರೆ ಎಲೆ ಮುಂದೆ ಇರ್ತಿತ್ತು, ಅಷ್ಟೆ.’ ಸ್ವಲ್ಪ ಹೊತ್ತು ಬಿಟ್ಟು, ‘ನಾವು ಮಾಡಿದ್ರೆ ಬಡತನ ಅಂತಿದ್ರು. ಇವನು ಮಾಡಿದ್ರೆ ಪರಿಸರ’ ಅಂದರು. ದನಿಯಲ್ಲಿ ಬೇಜಾರಿತ್ತೋ ತಮಾಷೆಯಿತ್ತೋ ನನಗೆ ತಿಳಿಯಲಿಲ್ಲ. ಆ ಕಾಲುವೆ ತೋಡುವಾಗ ಅವರ ವಯಸ್ಸು ಎಷ್ಟಿತ್ತು ಅಂತ ಕೇಳಿದೆ. ಹತ್ತೊಂಬತ್ತೋ ಇಪ್ಪತ್ತೋ, ಕಂಕುಳಲ್ಲಿ ಈ ಮಹರಾಯ ಇದ್ದರಂತೆ.

ಇವತ್ತು ಬೆಳಗ್ಗೆ ಚಟ್ನಿಗೆ ಹಾಕಿದಾಗ ಮಿಕ್ಸಿ ಸದ್ದು ಬದಲಾಗಿದೆ. ಜಾರ್ ಕೆಳಗಿನ ಕಪ್ಲರ್ ಸವೆದಿರಬೇಕು, ರಬ್ಬರ್ ಸುಟ್ಟ ವಾಸನೆ. ನಮ್ಮನೆಯವರು ಪೇಪರ್ ಮಡಚಿ ಈ ಕಡೆ ತಿರುಗುವಷ್ಟರಲ್ಲಿ ಅತ್ತೆ ಮಿಕ್ಸಿಯ ಮೇಲೆ ಟವೆಲ್ ಮುಚ್ಚಿ, ‘ಏನೂ ಆಗಿಲ್ಲ ಕಣೋ, ಕಾಯಿ ಗಟ್ಟಿ ಇತ್ತು’ ಅಂದರು. ಅವರು ಆಫೀಸಿಗೆ ಹೋದ ಮೇಲೆ ಇಬ್ಬರೂ ಆಟೋದಲ್ಲಿ ಹೋಗಿ ರಿಪೇರಿ ಅಂಗಡಿಗೆ ಕೊಟ್ಟು ಬಂದಿದ್ದೇವೆ. ಸಂಜೆ ಐದಕ್ಕೆ ಸಿಗುತ್ತದಂತೆ. ಅವರು ಬರುವುದು ಆರೂವರೆಗೆ.