ಗ್ರೀಸ್ ಬದಲಿಸಿ ಎಂದೆ, ಮೋಟಾರನ್ನೇ ಗುಜರಿಗೆ ಹಾಕಿದರು

"ಎರಡು ಕಿಲೋ ಹಳೆಯ ಕಬ್ಬಿಣ, ಅದರಲ್ಲೇನಿತ್ತು ಸರ್?"

ನನ್ನ ಹಳೆಯ ಕಾರಿನ ವೈಪರ್ ಮೋಟಾರನ್ನು ಗುಜರಿಗೆ ಹಾಕಿದ ಗ್ಯಾರೇಜಿನ ಮಾಲೀಕರು ನನಗೆ ಹೇಳಿದ ಮಾತು ಇದು. ಹೇಳಿ ಮೂರು ವಾರ ಕಳೆದಿದೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ಅದರಲ್ಲೇನಿತ್ತು ಎಂದು ಅವರಿಗೆ ಅವತ್ತು ಹೇಳಲಾಗಲಿಲ್ಲ, ಗಂಟಲು ಕಟ್ಟಿತ್ತು. ಇಲ್ಲಿ ಹೇಳುತ್ತೇನೆ.

ನಮ್ಮ ಮನೆಯಲ್ಲಿರುವುದು 1968ರ ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ ಕಾರನ್ನೇ ಮದ್ರಾಸಿನಲ್ಲಿ ಆ ಹೆಸರಿನಿಂದ ತಯಾರಿಸುತ್ತಿದ್ದರು. ಅಪ್ಪ ಅದನ್ನು ಕೈ ಬದಲಾದ ಗಾಡಿಯಾಗಿಯೇ ಕೊಂಡದ್ದು. ಅವರು ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಯಲ್ಲಿ ಮೋಟಾರುಗಳ ವೈಂಡಿಂಗ್ ವಿಭಾಗದಲ್ಲಿದ್ದವರು. ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ತಂತಿ ಸುತ್ತಿದ ಭಾಗ, ಎಂದರೇನು, ಅದರ ತುದಿಯಲ್ಲಿ ತಾಮ್ರದ ಪಟ್ಟಿಗಳಿರುವ ಕಮ್ಯುಟೇಟರನ್ನು ಉಜ್ಜಲು ಎಮೆರಿ ಕಾಗದ ಏಕೆ ಬಳಸಬಾರದು, ನಯವಾದ ಮರಳು ಕಾಗದವೇ ಏಕೆ ಬೇಕು ಎಂಬುದನ್ನೆಲ್ಲ ನಾನು ಕಲಿತದ್ದು ಹೈಸ್ಕೂಲಿನಲ್ಲಿರುವಾಗ, ಅಡುಗೆಮನೆಯ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು. ಎಮೆರಿಯ ಪುಡಿ ವಿದ್ಯುತ್ ಹರಿಸಬಲ್ಲದು, ತಾಮ್ರದ ಪಟ್ಟಿಗಳ ನಡುವಿನ ಸಂದಿಯಲ್ಲಿ ಕುಳಿತರೆ ಮೋಟಾರೇ ಸುಡುತ್ತದೆ. ಆ ಕಲ್ಲಿನ ಮೇಲೆ ಅಪ್ಪ ಬಿಚ್ಚಿದ ಮೊದಲ ಮೋಟಾರ್ ಈ ಕಾರಿನ ವೈಪರ್ ಮೋಟಾರೇ. ಅದರ ಟರ್ಮಿನಲ್ಲುಗಳ ಪಕ್ಕ ಹಸಿರು, ಕೆಂಪು, ಹಳದಿ ಬಣ್ಣದ ಚುಕ್ಕೆ ಇಟ್ಟಿದ್ದರು, ಮುಂದೆ ಯಾರು ಬಿಚ್ಚಿದರೂ ತಪ್ಪು ವೈರ್ ಹಾಕಬಾರದೆಂದು.

ಆ ಚುಕ್ಕೆಗಳ ಬೆಲೆ ಗೊತ್ತಾಗಬೇಕಾದರೆ ಆ ಮೋಟಾರಿನ ಒಳಗನ್ನು ಸ್ವಲ್ಪ ಹೇಳಬೇಕು. ಲ್ಯೂಕಾಸ್ ಡಿಆರ್3ಎ ಎಂಬ ಈ ಮೋಟಾರಿನಲ್ಲಿ ಕಾಯಂ ಅಯಸ್ಕಾಂತವಿಲ್ಲ, ತಂತಿ ಸುತ್ತಿದ ಫೀಲ್ಡ್ ಕಾಯಿಲ್ ಇದೆ. ಮೋಟಾರ್ ತಿರುಗಿ, ತುದಿಯ ವರ್ಮ್ ಗೇರ್ ಒಂದು ಹಲ್ಲುಗಾಲಿಯನ್ನು ತಿರುಗಿಸಿ, ಆ ಗಾಲಿಯ ಕ್ರ್ಯಾಂಕ್ ಪಿನ್ ಒಂದು ದಂಡವನ್ನು ಹಿಂದೆ ಮುಂದೆ ಎಳೆಯುತ್ತದೆ. ದಂಡಕ್ಕೆ ಸೇರಿದ ರ್ಯಾಕ್ ಕೇಬಲ್, ಅಂದರೆ ಸುರುಳಿ ತಂತಿ ಸುತ್ತಿದ ಬಳುಕುವ ಹಗ್ಗದಂತಹ ವಸ್ತು, ಕೊಳವೆಯೊಳಗೆ ಜಾರುತ್ತ, ವೈಪರ್ ಕೈಗಳ ಬುಡದಲ್ಲಿರುವ ಎರಡು ವೀಲ್‌ಬಾಕ್ಸ್‌ಗಳ ಪುಟ್ಟ ಗಾಲಿಗಳನ್ನು ಅತ್ತಿತ್ತ ಹೊರಳಿಸುತ್ತದೆ. ಗಾಜಿನ ಮೇಲೆ ಕೈಗಳು ಆಡುವುದು ಆಗ. ಇನ್ನು ಸ್ವಿಚ್. ಇದರಲ್ಲಿ ಬ್ಯಾಟರಿಯ ಕರೆಂಟ್ ನೇರವಾಗಿ ಮೋಟಾರಿಗೆ ಬರುತ್ತದೆ. ಡ್ಯಾಶ್‌ಬೋರ್ಡಿನ ಸ್ವಿಚ್ ಕತ್ತರಿಸುವುದು, ಸೇರಿಸುವುದು ಅರ್ತ್ ಕಡೆಯ, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿಯನ್ನು. ಸ್ವಿಚ್ ಆರಿಸಿದರೂ ಗೇರ್ ಪೆಟ್ಟಿಗೆಯ ಮುಚ್ಚಳದೊಳಗಿನ ಇನ್ನೊಂದು ಪುಟ್ಟ ಸ್ವಿಚ್ ಅರ್ತನ್ನು ಹಿಡಿದುಕೊಂಡೇ ಇರುತ್ತದೆ. ಕೈಗಳು ಗಾಜಿನ ಕೆಳಗೆ ಬಂದು ಮಲಗಿದ ಮೇಲಷ್ಟೇ ಬಿಡುತ್ತದೆ. ಮುಚ್ಚಳವನ್ನು ಒಂದಿಷ್ಟು ತಿರುಗಿಸಿದರೆ ಎಲ್ಲಿ ಮಲಗಬೇಕೆಂಬುದನ್ನೂ ಹೊಂದಿಸಬಹುದು. ಎಲೆಕ್ಟ್ರಾನಿಕ್ಸ್ ಒಂದು ಚೂರೂ ಇಲ್ಲದೆ ಈ ಕೆಲಸ ಆಗುತ್ತಿತ್ತು.

ಸೆಪ್ಟೆಂಬರಿನಲ್ಲಿ ವೈಪರ್ ನಿಧಾನವಾಯಿತು. ಗಾಜು ಒದ್ದೆಯಿದ್ದರೂ ಏದುಸಿರು ಬಿಡುತ್ತ ಏರುತ್ತಿತ್ತು, ಒಮ್ಮೊಮ್ಮೆ ನಡುವೆಯೇ ನಿಲ್ಲುತ್ತಿತ್ತು. ಬೆಂಗಳೂರಿನ ಸೆಪ್ಟೆಂಬರ್ ಎಂತಹದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಬಿಸಿಲು, ಆರು ಗಂಟೆಗೆ ಆಕಾಶ ಕಳಚಿ ಬೀಳುತ್ತದೆ. ರೋಗ ಏನೆಂದು ನನಗೆ ತಿಳಿದಿತ್ತು. ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿ ರ್ಯಾಕ್ ಕೇಬಲನ್ನು ಹಿಡಿದಿದೆ. ಸರಾಗವಾಗಿ ಓಡುವಾಗ ಈ ಮೋಟಾರ್ ಸುಮಾರು 3 ಆಂಪಿಯರ್ ಎಳೆಯುತ್ತದೆ, ಸಿಕ್ಕಿಹಾಕಿಕೊಂಡರೆ ಅದರ ನಾಲ್ಕು ಪಟ್ಟಿಗೂ ಏರುತ್ತದೆ. ಜೊತೆಗೆ ಮೋಟಾರ್ ಕುಳಿತಿರುವುದು ರಬ್ಬರಿನ ಮೇಲೆ, ಅದರ ಅರ್ತ್ ವೈರ್ ತುಕ್ಕು ಹಿಡಿದರೆ ಕರೆಂಟಿಗೆ ವಾಪಸ್ ಹೋಗಲು ದಾರಿಯೇ ಸರಿಯಾಗಿ ಇರುವುದಿಲ್ಲ. ಭುಜದ ನೋವಿಲ್ಲದಿದ್ದರೆ ಒಂದು ಭಾನುವಾರದಲ್ಲಿ ನಾನೇ ಮುಗಿಸುತ್ತಿದ್ದೆ. ಡ್ಯಾಶ್‌ಬೋರ್ಡಿನ ಅಡಿಗೆ ತೂರಿ ಮಲಗಲು ಆಗಲಿಲ್ಲ. ಹಾಗಾಗಿ ಹಳೆಯ ಕಾರುಗಳ ಪರಿಣತರೆಂದು ಬೋರ್ಡು ಹಾಕಿಕೊಂಡವರ ಬಳಿ ಒಯ್ದೆ. ಬಿಳಿ ಹಾಳೆಯ ಮೇಲೆ ಬರೆದೂ ಕೊಟ್ಟೆ: ರ್ಯಾಕ್ ಹೊರಗೆ ತೆಗೆಯಿರಿ, ಸೀಮೆಎಣ್ಣೆಯಲ್ಲಿ ತೊಳೆಯಿರಿ, ವೀಲ್‌ಬಾಕ್ಸಿಗೂ ಗೇರ್ ಪೆಟ್ಟಿಗೆಗೂ ಹೊಸ ಗ್ರೀಸ್ ಹಾಕಿರಿ, ಕಾರ್ಬನ್ ಬ್ರಷ್ ಸವೆದಿದ್ದರೆ ಬದಲಿಸಿರಿ, ಅರ್ತ್ ವೈರ್ ಹೊಸದು ಹಾಕಿರಿ. ಕೊನೆಗೆ ಒಂದು ಗೆರೆ ಎಳೆದು, "ಬೇರೇನೂ ಬೇಡ" ಎಂದು ಬರೆದೆ.

ಹನ್ನೊಂದು ದಿನ ಇಟ್ಟುಕೊಂಡರು. ಬಿಲ್ಲು ಒಂಬತ್ತು ಸಾವಿರದ ನಾನೂರು ರೂಪಾಯಿ. ಅದರಲ್ಲಿ ಮೊದಲ ಸಾಲು, "ವೈಪರ್ ಮೋಟಾರ್ ಅಪ್‌ಗ್ರೇಡ್".

ಯಾರು ಕೇಳಿದರು ಅಪ್‌ಗ್ರೇಡ್? ಒಂದು ಫೋನ್ ಮಾಡಿದ್ದರೆ ಎರಡು ನಿಮಿಷದ ಮಾತು. ಬಾನೆಟ್ ಎತ್ತಿ ನೋಡಿದೆ. ಹೆರಾಲ್ಡಿನ ಬಾನೆಟ್ ಮುಂಭಾಗದ ಸಮೇತ ಪೂರ್ತಿ ಎದ್ದು ಬರುತ್ತದೆ, ಎಲ್ಲವೂ ಕಣ್ಣೆದುರಿಗೇ ಕಾಣುತ್ತದೆ. ಅಪ್ಪನ ಮೋಟಾರ್ ಇದ್ದ ಜಾಗದಲ್ಲಿ ಯಾವುದೋ ಹೊಸ ಕಾರಿನ ಮೋಟಾರ್, ಅದನ್ನು ನಿಲ್ಲಿಸಲು ತಗಡಿಗೆ ವೆಲ್ಡ್ ಮಾಡಿದ ಪಟ್ಟಿ, ಹೊಸದಾಗಿ ಕೊರೆದ ನಾಲ್ಕು ತೂತು. ರ್ಯಾಕ್ ಕೊಳವೆಯನ್ನು ಗರಗಸದಿಂದ ಕೊಯ್ದಿದ್ದರು. ಕೇಬಲ್ ಇಲ್ಲ, ವೀಲ್‌ಬಾಕ್ಸ್‌ಗಳಿಲ್ಲ. ಅವುಗಳ ಬದಲಿಗೆ ಎರಡು ಸರಳುಗಳನ್ನು ಜೋಡಿಸಿ ಕೈಗಳಿಗೆ ಕಟ್ಟಿದ್ದರು.

ಆಮೇಲೆ ವೈರಿಂಗ್. ಹೊಸ ಮೋಟಾರಿನ ಅರ್ತ್ ಅದರ ಮೈಯಿಂದಲೇ ಹೋಗುತ್ತದೆ. ಹಾಗಾಗಿ ಅರ್ತ್ ಕಡೆಯಲ್ಲಿರುವ ನಮ್ಮ ಹಳೆಯ ಸ್ವಿಚ್ ಅದಕ್ಕೆ ಕೆಲಸಕ್ಕೆ ಬರುವುದಿಲ್ಲ. ಅದು ಏಕೆ ಎಂದು ಯೋಚಿಸಲು ಅವರಿಗೆ ಪುರುಸೊತ್ತಿಲ್ಲ. ಹೆಡ್‌ಲೈಟಿನ ವೈರಿನಿಂದ ಒಂದು ಕವಲು ಎಳೆದು, ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸ್ವಿಚ್ ತೂಗುಹಾಕಿದ್ದರು. ಫ್ಯೂಸ್ ಇಲ್ಲ. ಕೈಗಳನ್ನು ಕೆಳಗೆ ತಂದು ಮಲಗಿಸಬೇಕಾದ ಪಾರ್ಕಿಂಗ್ ವೈರನ್ನು ಕತ್ತರಿಸಿ ಟೇಪ್ ಸುತ್ತಿ ಬಿಟ್ಟಿದ್ದರು. ಅಂದರೆ ಸ್ವಿಚ್ ಆರಿಸಿದ ಕ್ಷಣದಲ್ಲಿ ಕೈಗಳು ಎಲ್ಲಿವೆಯೋ ಅಲ್ಲೇ ನಿಲ್ಲುತ್ತವೆ, ಚಾಲಕನ ಕಣ್ಣಿಗೆ ಅಡ್ಡವಾದರೂ ಸರಿ.

ಅವತ್ತು ಅಲ್ಲೇ ಬಿಟ್ಟು ಬರಬೇಕಿತ್ತು. ಸಂಜೆಯಾಗಿತ್ತು, ಹೆಂಡತಿಯನ್ನು ಜಯನಗರದಿಂದ ಕರೆತರಬೇಕಿತ್ತು, ಹಣ ಕೊಟ್ಟು ಹೊರಟೆ. ಮಳೆ ಶುರುವಾದದ್ದು ಲಾಲ್‌ಬಾಗ್ ಪಶ್ಚಿಮ ದ್ವಾರದ ಹತ್ತಿರ. ಹೆಡ್‌ಲೈಟ್ ಹಾಕಿದೊಡನೆ ವೈಪರ್ ಕುಂಟಿತು. ವೇಗ ಬಂದಾಗ ಅದು ಗಾಜಿನ ಅಂಚು ದಾಟಿ ಸುತ್ತಲಿನ ರಬ್ಬರ್ ಬೀಡಿಂಗಿಗೆ ಬಡಿಯತೊಡಗಿತು. ಕೈ ಎಷ್ಟು ಅಗಲ ಬೀಸಬೇಕೆಂಬುದನ್ನು ನಿರ್ಧರಿಸುವುದು ಕ್ರ್ಯಾಂಕಿನ ಉದ್ದ. ಅದನ್ನು ಅಳೆದೇ ಇರಲಿಲ್ಲ. ಸೌತ್ ಎಂಡ್ ವೃತ್ತ ತಲುಪುವ ಹೊತ್ತಿಗೆ ಬಲಗಡೆಯ ರಬ್ಬರ್ ಬ್ಲೇಡ್ ಕಿತ್ತು ಹಾರಿಹೋಯಿತು, ಬರಿಯ ಲೋಹದ ತೋಳು ಗಾಜನ್ನು ಗೀರಿತು. ಸ್ವಿಚ್ ಹುಡುಕಿ ಆರಿಸುವಷ್ಟರಲ್ಲಿ ಐದಾರು ಸಲ ಗೀರಿ ಆಗಿತ್ತು. ಹಿಂದೆ ಬಸ್ಸಿನ ಹಾರ್ನ್, ಮುಂದೆ ಏನೂ ಕಾಣದ ಗಾಜು. ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಡಿಯನ್ನು ಬದಿಗೆ ತಂದೆ. ಪಕ್ಕದಲ್ಲಿ ಯಾವುದಾದರೂ ಸ್ಕೂಟರ್ ಇದ್ದಿದ್ದರೆ?

ಆ ಗಾಜು ಐವತ್ತು ವರ್ಷ ಕಲ್ಲೇಟು ತಿನ್ನದೆ ಬಂದಿತ್ತು. ಈಗ ಅದರ ಮೇಲೆ ಕಾಮನಬಿಲ್ಲಿನ ಆಕಾರದಲ್ಲಿ ಒಂದು ಗೀರು. ರಾತ್ರಿ ಎದುರಿನ ಗಾಡಿಯ ಬೆಳಕು ಅದಕ್ಕೆ ಬಿದ್ದರೆ ಕಣ್ಣು ಕುಕ್ಕುತ್ತದೆ. ಜೆ.ಸಿ. ರಸ್ತೆಯಲ್ಲಿ ಮೂರು ದಿನ ಅಂಗಡಿಯಿಂದ ಅಂಗಡಿಗೆ ಅಲೆದೆ, ಹೆರಾಲ್ಡಿನ ಗಾಜು ಇಲ್ಲ.

ಆ ಮಳೆಯ ಮಾರನೆಯ ಬೆಳಿಗ್ಗೆಯೇ ಗ್ಯಾರೇಜಿಗೆ ಹೋಗಿ, "ದುಡ್ಡು ನೀವೇ ಇಟ್ಟುಕೊಳ್ಳಿ, ನನ್ನ ಹಳೆಯ ಮೋಟಾರ್, ರ್ಯಾಕ್, ವೀಲ್‌ಬಾಕ್ಸ್ ವಾಪಸ್ ಕೊಡಿ" ಎಂದೆ.

"ಅವು ಗುಜರಿಗೆ ಹೋದವಲ್ಲ ಸರ್. ಸುಟ್ಟುಹೋದ ಮೋಟಾರ್ ಇಟ್ಟುಕೊಂಡು ಏನು ಮಾಡುತ್ತೀರಿ?"

"ಸುಟ್ಟಿದೆ ಎಂದು ಹೇಗೆ ಗೊತ್ತಾಯಿತು? ರ್ಯಾಕ್ ಕಳಚಿ ಮೋಟಾರನ್ನು ಮಾತ್ರ ಓಡಿಸಿ ನೋಡಿದಿರಾ?"

ಉತ್ತರವಿಲ್ಲ. ಮೊಬೈಲ್ ನೋಡುತ್ತ ನಿಂತರು. ಅಲ್ಲಿಗೆ ತಿಳಿಯಿತು. ಈ ಕೆಲಸದಲ್ಲಿ ಮೊದಲ ಪರೀಕ್ಷೆಯೇ ಅದು. ರ್ಯಾಕ್ ಬಿಡಿಸಿದಾಗ ಮೋಟಾರ್ ಸಲೀಸಾಗಿ ಓಡಿದರೆ ತಪ್ಪು ಮೋಟಾರಿನದಲ್ಲ, ಕೇಬಲಿನದು. ಕೈಗಳನ್ನು ಕಳಚಿ ರ್ಯಾಕ್ ಕೇಬಲಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದರೆ ಸುಮಾರು 6 ಪೌಂಡಿಗಿಂತ ಹೆಚ್ಚು ಬಲ ಬೇಡಬಾರದು. ಹತ್ತು ನಿಮಿಷದ ಕೆಲಸ. ಹತ್ತು ನಿಮಿಷ ಉಳಿಸಲು ಹೋಗಿ ಆರೋಗ್ಯವಾಗಿದ್ದ ಮೋಟಾರನ್ನು ತೂಕಕ್ಕೆ ಮಾರಿದರು. ಆಗಲೇ ಅವರು ಆ ಎರಡು ಕಿಲೋ ಕಬ್ಬಿಣದ ಮಾತು ಆಡಿದ್ದು.

ಹೊಸದೆಲ್ಲ ಕೆಟ್ಟದ್ದೆಂದು ಹಟ ಹಿಡಿಯುವವನು ನಾನಲ್ಲ. ಡಿಆರ್3ಎಗೆ ಒಂದೇ ವೇಗ, ಜೋರು ಮಳೆಗೆ ಅದು ಸಾಲದು ಎಂಬುದು ನಿಜ. ಎರಡು ವೇಗ ಬೇಕೆನ್ನುವವರು ಅದೇ ಲ್ಯೂಕಾಸಿನ ಮುಂದಿನ ಪೀಳಿಗೆಯ 14ಡಬ್ಲ್ಯೂ ಮೋಟಾರನ್ನು ಹಾಕಿಸಿಕೊಳ್ಳುತ್ತಾರೆ. ಅದೂ ರ್ಯಾಕ್ ಎಳೆಯುವ ಮೋಟಾರೇ. ಕಾಯಂ ಅಯಸ್ಕಾಂತ, ಆರ್ಮೇಚರಿಗೆ ಕರೆಂಟ್ ಮುಟ್ಟಿಸುವ ಮೂರು ಬ್ರಷ್. ಮೂರನೆಯ ಬ್ರಷ್ಷಿನಿಂದ ಕರೆಂಟ್ ಬಂದಾಗ ಕಡಿಮೆ ಸುರುಳಿಗಳು ಎದುರು ಒತ್ತಡ ಕೊಡುತ್ತವೆ, ಆರ್ಮೇಚರ್ ಇನ್ನೂ ಜೋರಾಗಿ ತಿರುಗುತ್ತದೆ. ಆದರೆ ಅದನ್ನು ಹಾಕುವವರು ಗಾಜಿಗೆ ಬೇಕಾದ ಕೋನದ ಗೇರ್ ಆರಿಸುತ್ತಾರೆ. ಆ ಮೋಟಾರಿನ ಗೇರ್‌ಗಳ ಮೇಲೆ ಎಷ್ಟು ಡಿಗ್ರಿ ಎಂದು ಅಚ್ಚೊತ್ತಿಯೇ ಇರುತ್ತದೆ. ಅದಕ್ಕೆ ತಕ್ಕ ಎರಡು ವೇಗದ ಸ್ವಿಚ್ ಹಾಕುತ್ತಾರೆ, ಬೇರೆ ಫ್ಯೂಸ್ ಕೊಡುತ್ತಾರೆ, ಪಾರ್ಕಿಂಗ್ ವೈರನ್ನು ಸರಿಯಾದ ಜಾಗಕ್ಕೆ ಸೇರಿಸುತ್ತಾರೆ. ತಗಡಿನಲ್ಲಿ ತೂತು ಕೊರೆಯುವುದಿಲ್ಲ. ಬಿಚ್ಚಿದ ಹಳೆಯ ಭಾಗಗಳನ್ನು ಡಬ್ಬಿಯಲ್ಲಿ ಹಾಕಿ ಮಾಲೀಕನ ಕೈಗೆ ಕೊಡುತ್ತಾರೆ. ಬಿಚ್ಚಿದ ವಸ್ತು ಗಾಡಿಯವನದು. ಇಷ್ಟು ಸಣ್ಣ ಮರ್ಯಾದೆಯನ್ನೂ ಒಬ್ಬರಿಗೆ ಹೇಳಿಕೊಡಬೇಕೇ?

ವೈಪರನ್ನು ಅಲಂಕಾರಕ್ಕೆ ಇಟ್ಟಿರುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 101ನೆಯದು ವೈಪರಿನ ಕುರಿತಾಗಿಯೇ ಇದೆ. ಸುರಿವ ಮಳೆಯಲ್ಲಿ ಅದು ನಿಂತರೆ ಚಾಲಕ ಕುರುಡನಾಗುತ್ತಾನೆ. ಹಾಗಿರುವಾಗ ಹೆಡ್‌ಲೈಟಿನ ವೈರಿಗೆ ಫ್ಯೂಸಿಲ್ಲದೆ ಮೋಟಾರ್ ಕಟ್ಟಿ ರಸ್ತೆಗೆ ಕಳಿಸಿದವರಿಗೆ ಆ ರಾತ್ರಿ ನಿದ್ದೆ ಹೇಗೆ ಬಂತು?

ನನ್ನನ್ನು ಇನ್ನೂ ಹೆಚ್ಚು ಕೆರಳಿಸುವುದು ಈ ಊರಿನಲ್ಲೇ ಇದು ನಡೆದದ್ದು. ಎಚ್‌ಎಂಟಿ ಕೈಗಡಿಯಾರ ತಯಾರಿಸಿದ ಊರು ಇದು. ಎನ್‌ಜಿಇಎಫ್ ಮೋಟಾರ್ ಸುತ್ತಿದ ಊರು. ಪೀಣ್ಯದಲ್ಲಿ ಇವತ್ತಿಗೂ ನೀವು ಕೊಟ್ಟ ಅಳತೆಗೆ ಹಲ್ಲುಗಾಲಿ ಕಡೆದು ಕೊಡುವವರಿದ್ದಾರೆ. ಬಡಾವಣೆಗೊಂದು ವೈಂಡಿಂಗ್ ಅಂಗಡಿ ಇದೆ, ಮಿಕ್ಸಿಯ ಆರ್ಮೇಚರ್ ಸುತ್ತುವ ಕೈಗೆ ವೈಪರಿನ ಆರ್ಮೇಚರ್ ಹೊರೆಯಲ್ಲ. ಕೈ ಇದೆ, ಯಂತ್ರ ಇದೆ. ಬಿಚ್ಚಿ ನೋಡುವ ತಾಳ್ಮೆ ಮಾತ್ರ ಕೆಲವರಿಗೆ ಬೇಡವಾಗಿದೆ, ಮತ್ತು ಅಂತಹವರೇ ದೊಡ್ಡ ಬೋರ್ಡು ಹಾಕಿಕೊಂಡು ಕುಳಿತಿದ್ದಾರೆ.

ಈಗ ಕಾರು ಹೊದಿಕೆಯ ಕೆಳಗೆ ನಿಂತಿದೆ. ಅವರು ಹಾಕಿದ ಮೋಟಾರನ್ನೂ ಸರಳುಗಳನ್ನೂ ಕಿತ್ತುಹಾಕಿದ್ದೇನೆ, ಭುಜ ನೊಂದರೂ ಸರಿ ಎಂದು. ಹೆಡ್‌ಲೈಟಿನ ವೈರಿನಲ್ಲಿ ಅವರು ಕವಲು ಹಾಕಿದ ಜಾಗದಲ್ಲಿ ಹೊದಿಕೆ ಕರಗಿ ತಾಮ್ರ ಕಾಣುತ್ತಿತ್ತು. ಇನ್ನೊಂದು ಮಳೆಗೆ ಅದು ಹೊತ್ತಿಕೊಳ್ಳುತ್ತಿತ್ತೋ ಏನೋ.

ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಎರಡು ಸಲ ಹೋಗಿ ಬಂದೆ, ಭಾನುವಾರದ ಸಂತೆಯಲ್ಲೂ ಹುಡುಕಿದೆ. ಮೋಟಾರಿನ ಚಿತ್ರ ಮುದ್ರಿಸಿ ಹಲವರ ಕೈಗೆ ಕೊಟ್ಟಿದ್ದೇನೆ. ಇದನ್ನು ಓದುವವರಲ್ಲಿ ಆ ಕಡೆ ಓಡಾಡುವವರಿದ್ದರೆ ದಯವಿಟ್ಟು ಕಣ್ಣಿಟ್ಟಿರಿ. ಒಂದು ಕಡೆ ಉರುಟು ಮೈ, ಇನ್ನೊಂದು ಕಡೆ ಗೇರ್ ಪೆಟ್ಟಿಗೆ, ಅದರ ಮೇಲೆ ಗುಮ್ಮಟದಂತಹ ಪುಟ್ಟ ಮುಚ್ಚಳ. ಟರ್ಮಿನಲ್ಲುಗಳ ಪಕ್ಕ ಹಸಿರು, ಕೆಂಪು, ಹಳದಿ ಚುಕ್ಕೆ. ಹಸಿರು ಸ್ವಲ್ಪ ಮಾಸಿದೆ. ತಿರುಗದಿದ್ದರೂ ಪರವಾಗಿಲ್ಲ, ಒಡೆದಿದ್ದರೂ ಪರವಾಗಿಲ್ಲ. ಅಂಗಡಿಯವರು ಕೇಳಿದಷ್ಟು ಕೊಟ್ಟು ತಂದುಬಿಡುತ್ತೇನೆ.