ಕಾಗೆ ಹಾರಿಸಲು ಬೇಕಾಗುವ ಸಾಮಗ್ರಿ

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಕರು ಹೋರಿಯೋ ಕಡಸೋ, ಗಿಣ್ಣು ಎಷ್ಟು ಸೇರು ಬಂತು ಎಂದು ಕಟ್ಟುವವನೂ ಕೇಳಲಿಲ್ಲ, ಸುದ್ದಿ ತಂದವನೂ ಹೇಳಲಿಲ್ಲ. ಇವತ್ತಿನ ಫಾರ್ವರ್ಡ್‌ಗಳ ದಾರಿದ್ರ್ಯವೂ ಇದೇ. ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಶ್ರೇಷ್ಠ ಎಂದು ಯುನೆಸ್ಕೋ ಘೋಷಿಸಿದೆಯಂತೆ. ಯಾವ ತಾರೀಕು, ಎಷ್ಟು ಮತ, ಎರಡನೇ ಸ್ಥಾನ ಯಾರಿಗೆ? ಒಂದೂ ಇಲ್ಲ. ಒಂದು ಸಾಲು ಆಶ್ಚರ್ಯಸೂಚಕ ಚಿಹ್ನೆ, ಕೊನೆಗೆ ಜೋಡಿಸಿದ ಎರಡು ಕೈ. ಇದನ್ನು ಸುಳ್ಳು ಎಂದು ಕರೆದರೆ ಸುಳ್ಳಿಗೇ ಅವಮಾನ. ಕಾಗೆ ಹಾರಿಸುವುದು ಒಂದು ಕಸುಬು. ಕಲಿಯುವ ಮನಸ್ಸಿದ್ದವರು 19ನೇ ಶತಮಾನದ ಅಮೆರಿಕದ ಪತ್ರಿಕಾ ಕಚೇರಿಗಳಿಗೆ ಹೋಗಬೇಕು. ಅಲ್ಲಿ ವರದಿಗಾರ ಬೇರೆ, ಕಥೆಗಾರ ಬೇರೆ ಎಂಬ ಪಂಕ್ತಿಭೇದ ಇರಲಿಲ್ಲ. ಬಹಳ ಸಲ ಇಬ್ಬರಿಗೂ ಒಂದೇ ಸಂಬಳ, ಏಕೆಂದರೆ ಇಬ್ಬರೂ ಒಬ್ಬನೇ.

ಮೊದಲ ಪಾಠ ಚಂದ್ರನದು. ನ್ಯೂಯಾರ್ಕಿನಲ್ಲಿ 1833ರಲ್ಲಿ ಬೆಂಜಮಿನ್ ಡೇ ಶುರು ಮಾಡಿದ ‘ಸನ್’ ಒಂದು ಸೆಂಟಿನ ಪತ್ರಿಕೆ. ದೊಡ್ಡ ಮನುಷ್ಯರ ಪತ್ರಿಕೆಗಳಿಗೆ ಆಗ ಆರು ಸೆಂಟು. ‘ಸನ್’ ಬೀದಿಯಲ್ಲಿ ಹುಡುಗರು ಕೂಗಿ ಮಾರುತ್ತಿದ್ದ ಸರಕು, ಹಾಗಾಗಿ ಇವತ್ತು ಕೊಂಡವನು ನಾಳೆಯೂ ಜೇಬಿಗೆ ಕೈಹಾಕುವಂತೆ ಏನಾದರೂ ಉಳಿಸಿಡಲೇಬೇಕು. 1835ರ ಆಗಸ್ಟ್ 25ರಂದು ಆ ಪತ್ರಿಕೆಯ ರಿಚರ್ಡ್ ಆಡಮ್ಸ್ ಲಾಕ್ ಒಲೆ ಹಚ್ಚಿದ. ಹೆಸರಾಂತ ಖಗೋಳಜ್ಞ ಸರ್ ಜಾನ್ ಹರ್ಷೆಲ್ ದಕ್ಷಿಣ ಆಫ್ರಿಕಾದ ತುದಿಯಲ್ಲಿ ಕುಳಿತು ಹೊಸ ದೂರದರ್ಶಕದಲ್ಲಿ ಚಂದ್ರನ ಮೇಲಿನ ಜೀವಿಗಳನ್ನು ಕಂಡಿದ್ದಾನೆ ಎಂಬುದು ಸುದ್ದಿ. ಆರು ಕಂತು.

ಇಲ್ಲಿ ಸಾಮಗ್ರಿ ಗಮನಿಸಿ. ಹರ್ಷೆಲ್ ನಿಜ. 1834ರಿಂದ ಕೇಪ್‌ಟೌನ್ ಬಳಿ ಅವನು ಆಕಾಶ ನೋಡುತ್ತಿದ್ದದ್ದೂ ನಿಜ. ಅಲ್ಲಿಗೆ ಕಾಗದ ಹಡಗಿನಲ್ಲಿ ಹೋಗಿ, ಉತ್ತರ ಹಡಗಿನಲ್ಲೇ ಬರಬೇಕು, ತಿಂಗಳುಗಟ್ಟಲೆ ಕೆಲಸ. ಅಂದರೆ ಸಾಕ್ಷಿ ಗಣ್ಯನಾಗಿರಬೇಕು, ಆದರೆ ಅವನನ್ನು ಕೇಳಿ ಬರುವಷ್ಟರಲ್ಲಿ ಪತ್ರಿಕೆ ಖರ್ಚಾಗಿರಬೇಕು. ಮೂಲ ಎಂದು ಹೇಳಿಕೊಂಡದ್ದು ಎಡಿನ್‌ಬರೊದ ಒಂದು ವಿಜ್ಞಾನ ಪತ್ರಿಕೆಯ ಪುರವಣಿ. ಅಂಥ ಪತ್ರಿಕೆ ಇದ್ದದ್ದು ಹೌದು, ಆದರೆ ಅಷ್ಟರಲ್ಲಿ ಮುಚ್ಚಿಹೋಗಿತ್ತು. ಬದುಕಿರುವ ಪತ್ರಿಕೆಯ ಹೆಸರು ಹಾಕಿದರೆ ಅದರ ಸಂಪಾದಕ ಆಕ್ಷೇಪ ಎತ್ತುತ್ತಾನೆ. ಇಲ್ಲದ ಹೆಸರು ಹಾಕಿದರೆ ಯಾವನಾದರೂ ಗ್ರಂಥಪಾಲಕ ಹಿಡಿಯುತ್ತಾನೆ. ತೀರಿಕೊಂಡ ಪತ್ರಿಕೆಯೇ ಸುರಕ್ಷಿತ.

ಆಮೇಲೆ ಅಂಕಿ. ಲೆನ್ಸಿನ ವ್ಯಾಸ 24 ಅಡಿ, ತೂಕ 14,826 ಪೌಂಡ್, ಹಿಗ್ಗಿಸುವ ಶಕ್ತಿ 42,000 ಪಟ್ಟು. ತೂಕ 15,000 ಅಂದಿದ್ದರೆ ಅಂದಾಜು ಅನಿಸುತ್ತಿತ್ತು. ಕೊನೆಯ ಆ 26 ಪೌಂಡ್ ಇದೆಯಲ್ಲ, ಅದೇ ಒಗ್ಗರಣೆ. ಯಾರೋ ತಕ್ಕಡಿಗೆ ಹಾಕಿ, ಮುಳ್ಳು ನಿಲ್ಲುವ ತನಕ ಕಾದು ಬರೆದುಕೊಂಡಿದ್ದಾರೆ ಎಂದು ಓದುವವನಿಗೆ ಕಣ್ಣಿಗೆ ಕಟ್ಟುತ್ತದೆ.

ಬಳಪ ಹಿಡಿದು ಒಂದು ಗುಣಾಕಾರ ಮಾಡಿದವನಿಗೆ ಬೇರೆಯದೇ ಕಾಣುತ್ತಿತ್ತು. 24 ಅಡಿ ಅಗಲದ ಗಾಜು ಅಷ್ಟೇ ತೂಕ ಇರಬೇಕಾದರೆ ದಪ್ಪ ಸರಾಸರಿ ಎರಡು ಮೂರು ಅಂಗುಲ. ಲೆನ್ಸನ್ನು ಹಿಡಿಯಲು ಇರುವುದು ಅಂಚು ಮಾತ್ರ, ನಡುವೆ ಕಂಬ ಕೊಡುವಂತಿಲ್ಲ. ಹಾಗಾಗಿ ಅದು ತನ್ನ ಭಾರಕ್ಕೆ ತಾನೇ ಹಪ್ಪಳದ ಹಾಗೆ ಜೋಲುತ್ತದೆ. ಈ ಜೋಲುವ ಕಾಟಕ್ಕೇ 1897ರ ಯರ್ಕಿಸ್ ವೀಕ್ಷಣಾಲಯದ 40 ಅಂಗುಲದ ಲೆನ್ಸಿನ ಮುಂದೆ ದೊಡ್ಡ ಲೆನ್ಸಿನ ದೂರದರ್ಶಕಗಳ ಓಟ ನಿಂತುಹೋಯಿತು. ಮುಂದೆ ಎಲ್ಲರೂ ಹಿಂದಿನಿಂದ ಆಧಾರ ಕೊಡಬಹುದಾದ ಕನ್ನಡಿಗೆ ಹೊರಳಿದರು. ಹರ್ಷೆಲ್ ಬಳಸುತ್ತಿದ್ದದ್ದೂ ಕನ್ನಡಿಯೇ, ಅಗಲ ಹದಿನೆಂಟು ಅಂಗುಲ ಚಿಲ್ಲರೆ. ಲಾಕ್ ಇನ್ನೂ ಒಂದು ಮಸಾಲೆ ಅರೆದ: ಹಿಗ್ಗಿಸಿದಾಗ ಬಿಂಬ ಮಸುಕಾಗುತ್ತದಲ್ಲ, ಅದರ ಮೇಲೆ ಪ್ರಖರವಾದ ಕೃತಕ ಬೆಳಕು ಹಾಯಿಸಿ ಸ್ಪಷ್ಟ ಮಾಡಿಕೊಂಡರಂತೆ. ಟಾಕೀಸಿನಲ್ಲಿ ಚಿತ್ರ ಮಸುಕಾಗಿದೆ ಎಂದು ಪರದೆಗೆ ಟ್ಯೂಬ್‌ಲೈಟ್ ಹಿಡಿದ ಹಾಗೆ. ಇದನ್ನು ಓದಿ ನ್ಯೂಯಾರ್ಕ್ ತಲೆದೂಗಿತು.

ಬಡಿಸುವ ಕ್ರಮವನ್ನಂತೂ ಬರೆದಿಟ್ಟುಕೊಳ್ಳಬೇಕು. ಮೊದಲ ದಿನ ಜೀವಿಗಳೇ ಇಲ್ಲ. ಬರೀ ಯಂತ್ರ, ಅಳತೆ, ಆಕಳಿಕೆ. ಎರಡನೇ ದಿನ ಕಾಡೆಮ್ಮೆಯಂಥ ಪ್ರಾಣಿ. ಚಂದ್ರನ ಪ್ರಖರ ಬೆಳಕನ್ನು ತಡೆಯಲು ಅದರ ಕಣ್ಣಿನ ಮೇಲೆ ಮಾಂಸದ ಒಂದು ಪರದೆ. ಜೊತೆಗೆ ಒಂಟಿಕೊಂಬಿನ ನೀಲಿ ಮೇಕೆ. ಮೂರನೇ ದಿನ ಬೀವರ್ ಎಂಬ ಚಪ್ಪಟೆ ಬಾಲದ ನೀರುಪ್ರಾಣಿ, ಆದರೆ ಇದು ಬಾಲವಿಲ್ಲದ್ದು, ಎರಡೇ ಕಾಲಿನಲ್ಲಿ ನಡೆಯುವಂಥದ್ದು. ಮರಿಗಳನ್ನು ಕಂಕುಳಲ್ಲಿ ಎತ್ತಿಕೊಂಡು ಓಡಾಡುತ್ತದೆ, ಗುಡಿಸಲಲ್ಲಿ ಹೊಗೆ ಏಳುತ್ತದೆ. ಕಾಡೆಮ್ಮೆಯನ್ನು ನುಂಗಿದವನಿಗೆ ಬೀವರ್ ಕಷ್ಟವಲ್ಲ, ಒಲೆ ಹಚ್ಚುವ ಬೀವರನ್ನು ನುಂಗಿದವನು ಏನನ್ನಾದರೂ ನುಂಗುತ್ತಾನೆ. ನಾಲ್ಕನೇ ದಿನ, ಅಂದರೆ 28ನೇ ತಾರೀಕು, ನಾಲ್ಕು ಅಡಿ ಎತ್ತರದ ಬಾವಲಿ ಮನುಷ್ಯರು ಹಾರಿ ಬಂದರು. ಅವರ ಕೆಲವು ವಿನೋದಗಳು ನಮ್ಮ ಭೂಲೋಕದ ಮಾನಮರ್ಯಾದೆಗೆ ಹೊಂದುವಂಥವಲ್ಲ ಎಂದು ಹೇಳಿ ವರದಿ ಅಲ್ಲಿಗೇ ಸೆರಗು ಎಳೆದುಕೊಂಡಿತು. ಓದುಗನಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ? ಸುಳ್ಳಾಗಿದ್ದರೆ ಪೂರ್ತಿ ಹೇಳುತ್ತಿದ್ದರು.

ತನ್ನ ಮಾರಾಟ 19,360 ಪ್ರತಿ ಎಂದು ‘ಸನ್’ ಅಂದೇ ಘೋಷಿಸಿತು. ಲೆನ್ಸನ್ನು ತೂಗಿದವರೇ ಇದನ್ನೂ ಎಣಿಸಿದ್ದು.

ಕೊನೆಯ ಕಂತಿನಲ್ಲಿ ಸಾಕ್ಷ್ಯನಾಶವೂ ಅಚ್ಚುಕಟ್ಟು. ದೂರದರ್ಶಕದ ಲೆನ್ಸನ್ನು ನೆಟ್ಟಗೆ ನಿಲ್ಲಿಸಿಯೇ ಬಿಟ್ಟಿದ್ದರಿಂದ ಬೆಳಗಿನ ಬಿಸಿಲು ಅದಕ್ಕೆ ಬಿದ್ದು ವೀಕ್ಷಣಾಲಯಕ್ಕೇ ಬೆಂಕಿ ಹತ್ತಿತಂತೆ. ಇನ್ನು ಬೇಕಾದವರಿಗೆ 40 ಪುಟಗಳ ಗಣಿತದ ಟಿಪ್ಪಣಿ ಇದೆ, ಆದರೆ ಪುಸ್ತಕದ ಬೆಲೆ ಹೆಚ್ಚುತ್ತದೆ ಎಂದು ಬಿಟ್ಟಿದ್ದೇವೆ ಎಂದರು. ಬಿಟ್ಟ ಗಣಿತದಷ್ಟು ನಂಬಿಕೆ ಹುಟ್ಟಿಸುವುದು ಬೇರೆ ಇಲ್ಲ. ಯಾರೂ ಅದರಲ್ಲಿ ತಪ್ಪು ಹಿಡಿಯಲಾರರು. ಪಾಪ, ಹರ್ಷೆಲ್‌ಗೆ ಮೊದಲು ನಗು, ಆಮೇಲೆ ತಲೆನೋವು. ಇಂಗ್ಲಿಷ್, ಫ್ರೆಂಚ್, ಇಟಾಲಿಯನ್, ಜರ್ಮನ್ ನಾಲ್ಕೂ ಭಾಷೆಯಲ್ಲಿ ಜನ ಪೀಡಿಸುತ್ತಿದ್ದಾರೆ ಎಂದು 1837ರಲ್ಲಿ ಸೋದರತ್ತೆ ಕ್ಯಾರೊಲಿನ್‌ಗೆ ಕಾಗದ ಬರೆದುಕೊಂಡ.

ಹದ ತಪ್ಪಿದ ಪಾಕವನ್ನೂ ನೋಡಬೇಕಲ್ಲ. ಲಾಕ್‌ಗಿಂತ ಮೊದಲೇ, 1835ರ ಜೂನ್‌ನಲ್ಲಿ, ಕಥೆಗಾರ ಎಡ್ಗರ್ ಅಲನ್ ಪೋ ಇನ್ನೊಂದು ಚಂದ್ರಯಾನ ಬರೆದಿದ್ದ. ರಾಟರ್‌ಡ್ಯಾಮ್‌ನ ಒಬ್ಬ ಸಾಲಗಾರ ಬಲೂನು ಏರಿ ಚಂದ್ರನಿಗೆ ಪರಾರಿಯಾಗುವ ಕಥೆ. ಗಾಳಿಯ ಒತ್ತಡ, ಉಸಿರಾಟ, ಎತ್ತರದ ಲೆಕ್ಕ ಎಲ್ಲಾ ಲಾಕ್‌ಗಿಂತ ಚೆನ್ನಾಗಿಯೇ ಇತ್ತು. ಆದರೆ ಶುರುವಿನಲ್ಲೇ ಊರಿನವರ ಮುಂದೆ ಹಳೆಯ ಪತ್ರಿಕೆಯ ಹಾಳೆಗಳಿಂದ ಮಾಡಿದ ಬಲೂನು ಇಳಿಯುತ್ತದೆ, ಅದರಲ್ಲಿ ಕಿವಿಯಿಲ್ಲದ ಕುಳ್ಳ. ಯಾರು ನಂಬುತ್ತಾರೆ? ತಾನು ಕುಚೋದ್ಯದ ಧಾಟಿ ಹಿಡಿದದ್ದೇ ಎಡವಟ್ಟು ಎಂದು ಪೋ ಆಮೇಲೆ ಒಪ್ಪಿಕೊಂಡ, ಮುಂದಿನ ಭಾಗ ಬರೆಯುವುದನ್ನೇ ಬಿಟ್ಟ. ಒಂಬತ್ತು ವರ್ಷ ತಡೆದು, 1844ರ ಏಪ್ರಿಲ್ 13ರಂದು, ಅದೇ ‘ಸನ್’ನಲ್ಲಿ ಸೇಡು ತೀರಿಸಿಕೊಂಡ: ಮಾಂಕ್ ಮೇಸನ್ 75 ಗಂಟೆಯಲ್ಲಿ ಬಲೂನಿನಲ್ಲಿ ಅಟ್ಲಾಂಟಿಕ್ ದಾಟಿದ ಸುದ್ದಿ. ಈ ಸಲ ನಗು ಇಲ್ಲ. ಮೇಸನ್ ನಿಜವಾಗಿ 1836ರಲ್ಲಿ ಲಂಡನ್ನಿನಿಂದ ಜರ್ಮನಿಗೆ ಬಲೂನಿನಲ್ಲಿ ಹೋಗಿದ್ದವನು. ಬಲೂನಿಗೆ ರೇಷ್ಮೆ, ರೇಷ್ಮೆಗೆ ರಬ್ಬರಿನ ಲೇಪ, ಒಳಗೆ 40,000 ಘನ ಅಡಿಗೂ ಮಿಕ್ಕಿ ಅನಿಲ. ಎರಡು ದಿನಕ್ಕೆ ಪತ್ರಿಕೆ ಹಿಂತೆಗೆದುಕೊಂಡಿತು. ನಿಜವಾದ ಬಲೂನು ಅಟ್ಲಾಂಟಿಕ್ ದಾಟಿದ್ದು 1978ರಲ್ಲಿ, 137 ಗಂಟೆ ತೆಗೆದುಕೊಂಡು. ನಿಜ ಯಾವಾಗಲೂ ಸ್ವಲ್ಪ ನಿಧಾನ.

ನೆವಾಡದ ವರ್ಜೀನಿಯಾ ಸಿಟಿಯವರದು ಬೇರೆ ಘರಾನೆ. 1862ರ ಅಕ್ಟೋಬರ್‌ನಲ್ಲಿ ‘ಟೆರಿಟೋರಿಯಲ್ ಎಂಟರ್‌ಪ್ರೈಸ್’ ಎಂಬ ಗಣಿ ಊರಿನ ಪತ್ರಿಕೆಯಲ್ಲಿ ಕಲ್ಲಾದ ಮನುಷ್ಯ ಸಿಕ್ಕ ಸುದ್ದಿ ಬಂತು. ಬರೆದವನು ಸ್ಯಾಮ್ಯುಯೆಲ್ ಕ್ಲೆಮೆನ್ಸ್. ಮಾರ್ಕ್ ಟ್ವೇನ್ ಆಗಲು ಅವನಿಗೆ ಇನ್ನೂ ನಾಲ್ಕು ತಿಂಗಳಿತ್ತು. ದೇಹದ ಪ್ರತಿ ಅಂಗ ಕಲ್ಲಾಗಿದೆ, ಎಡಗಾಲೂ ಸೇರಿ. ಆ ಎಡಗಾಲು ಬದುಕಿದ್ದಾಗ ಮರದ್ದಾಗಿತ್ತು ಎಂದು ವರದಿಯೇ ಹೇಳುತ್ತದೆ. ನ್ಯಾಯಾಧೀಶ ಸ್ಯೂವಾಲ್ ಹೋಗಿ ಪಂಚನಾಮೆ ಮಾಡಿದರಂತೆ. ಬಹುಕಾಲ ಬಯಲಿಗೆ ಒಡ್ಡಿಕೊಂಡದ್ದರಿಂದ ಸಾವು ಎಂದು ತೀರ್ಪು. ಸ್ಯೂವಾಲ್ ನಿಜವಾದ ಅಧಿಕಾರಿ, ಬರೆದವನಿಗೆ ಅವನ ಮೇಲೆ ಹಳೇ ಸಿಟ್ಟು. ಹೆಣ ಹೂಳೋಣ ಎಂದರೆ ಸುಣ್ಣದ ನೀರು ತೊಟ್ಟಿಕ್ಕಿ ಬಂಡೆಗೆ ಅಂಟಿಕೊಂಡಿದೆ, ಮದ್ದಿಟ್ಟು ಸಿಡಿಸಲು ಸಾಹೇಬರು ಬಿಡಲಿಲ್ಲ.

ಈಗ ಕೂತ ಭಂಗಿ. ಕೈ ಖಾಲಿ ಇದ್ದರೆ ಮಾಡಿ ನೋಡಿ: ಬಲಗೈ ಹೆಬ್ಬೆರಳು ಮೂಗಿನ ಪಕ್ಕಕ್ಕೆ, ಉಳಿದ ಬೆರಳು ಅಗಲಿಸಿ, ಬಲಗಣ್ಣು ಮುಚ್ಚಿ, ಎಡಗೈಯ ತೋರುಬೆರಳಿಂದ ಎಡಗಣ್ಣನ್ನು ಎಳೆದು ತೆರೆದು. ಅಂದರೆ ಸುಮಾರು ನೂರು ವರ್ಷದ ಹೆಣ ಓದುಗನನ್ನು ಅಣಕಿಸುತ್ತಾ ಕೂತಿದೆ. ಹೆಬ್ಬೆರಳಿನ ಮಾತನ್ನು ಒಂದು ಕಡೆ, ಬೆರಳಿನದ್ದನ್ನು ಇನ್ನೊಂದು ಕಡೆ ಚದುರಿಸಿ ಬರೆದದ್ದೇ ಕೆಟ್ಟಿತು: ಜೋಡಿಸಿಕೊಂಡು ಓದುವ ಪುಣ್ಯಾತ್ಮ ಸಿಗಲಿಲ್ಲ. ಬೇರೆ ಪತ್ರಿಕೆಗಳು ಇದ್ದದ್ದು ಇದ್ದ ಹಾಗೆ ಎತ್ತಿ ಹಾಕಿಕೊಂಡವು.

ಮರುವರ್ಷ ಅಕ್ಟೋಬರ್ 28ಕ್ಕೆ ಇನ್ನೂ ಖಾರ. ಕಾರ್ಸನ್ ಬಳಿ ಹಾಪ್‌ಕಿನ್ಸ್ ಎಂಬವನು ಹೆಂಡತಿ ಮಕ್ಕಳನ್ನು ಕೊಂದು, ತನ್ನ ಗಂಟಲನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಸೀಳಿಕೊಂಡು, ನಾಲ್ಕು ಮೈಲಿ ಕುದುರೆ ಓಡಿಸಿಕೊಂಡು ಬಂದು ಸಾರಾಯಿ ಅಂಗಡಿ ಮುಂದೆ ಬಿದ್ದು ಸತ್ತ ಎಂಬ ವರದಿ. ಅವನ ಮನೆ ಎಂಪೈರ್ ಸಿಟಿಗೂ ಡಚ್ ನಿಕ್‌ಗೂ ನಡುವಿನ ದೊಡ್ಡ ಪೈನ್ ಕಾಡಿನಲ್ಲಿ ಎಂದು ಬರೆದಿತ್ತು. ಅವು ಒಂದೇ ಊರಿನ ಎರಡು ಹೆಸರು, ಕಾಡಂತೂ ಅಲ್ಲಿ ಇರಲೇ ಇಲ್ಲ. ಇದೆಲ್ಲ ಬರೆದ ಉದ್ದೇಶ ಕೊನೆಯಲ್ಲಿತ್ತು: ಸುಳ್ಳು ಡಿವಿಡೆಂಡ್ ತೋರಿಸಿ ಷೇರು ಏರಿಸುವ ಕಂಪನಿಗಳನ್ನೂ, ಅದಕ್ಕೆ ಬಾಯಿ ಮುಚ್ಚಿಕೊಂಡ ಸ್ಯಾನ್‌ಫ್ರಾನ್ಸಿಸ್ಕೊ ಪತ್ರಿಕೆಗಳನ್ನೂ ಕುಟುಕುವುದು. ವರದಿಯಲ್ಲಿ ನಿಜ ಇದ್ದದ್ದು ಅದೊಂದೇ ಭಾಗ. ರಕ್ತ ದಾಟಿ ಅಲ್ಲಿವರೆಗೆ ಓದಿದವರೇ ಇಲ್ಲ. ಮಾರನೇ ದಿನ ಎಲ್ಲಾ ವಾಪಸ್ ತೆಗೆದುಕೊಂಡಿದ್ದೇನೆ ಎಂದ ಟ್ವೇನ್. ಸುದ್ದಿ ಮರುಮುದ್ರಿಸಿದ್ದ ಪತ್ರಿಕೆಗಳು ಉರಿದುಬಿದ್ದವು. ತಾವು ಪರಿಶೀಲಿಸಲಿಲ್ಲ ಎಂದಲ್ಲ, ಅವನು ಮೋಸ ಮಾಡಿದ ಎಂದು.

ಅದೇ ಕಚೇರಿಯ ಡ್ಯಾನ್ ಡಿ ಕ್ವಿಲ್ ಇನ್ನೂ ತಣ್ಣಗಿನ ಕಳ್ಳ. 1874ರಲ್ಲಿ ಅವನು ಮರುಭೂಮಿಯ ಸೆಕೆಗೆ ಸ್ಪಂಜಿನ ಕೋಟು ಕಂಡುಹಿಡಿದವನ ಕಥೆ ಬರೆದ. ಒಂದು ಅಂಗುಲ ದಪ್ಪದ ಸ್ಪಂಜು, ಕಂಕುಳಲ್ಲಿ ನೀರಿನ ರಬ್ಬರ್ ಚೀಲ. ಡೆತ್ ವ್ಯಾಲಿಗೆ ಹೋದವನು ಶವವಾಗಿ ಸಿಕ್ಕ, ಮೂಗಿನಿಂದ ಒಂದಡಿಗೂ ಉದ್ದದ ಹಿಮದ ಕೊಳವೆ ಇಳಿಬಿದ್ದಿತ್ತು, ಚಳಿಗೆ ಹೆಪ್ಪುಗಟ್ಟಿ ಸತ್ತಿದ್ದ. ನಮ್ಮ ಮಣ್ಣಿನ ಹೂಜಿಯ ಶಾಸ್ತ್ರವೇ ಇದು, ಅದಕ್ಕೇ ನಂಬುವ ಹಾಗಿದೆ. ಆದರೆ ಆವಿಯಾಗಿ ತಣಿಯುವುದಕ್ಕೂ ಒಂದು ತಳ ಇರುತ್ತದೆ, ಅಲ್ಲಿ ಮುಟ್ಟಿದ ಮೇಲೆ ಹೂಜಿ ಕೆಳಗೆ ಇಳಿಯುವುದಿಲ್ಲ. ಇಳಿಯುವುದಾಗಿದ್ದರೆ ರಾಯಚೂರಿನ ಬೇಸಿಗೆಯಲ್ಲಿ ಫ್ರಿಜ್ ಯಾರೂ ಕೊಳ್ಳುತ್ತಿರಲಿಲ್ಲ. ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಇದನ್ನು ಎತ್ತಿಕೊಂಡು ಹೆಚ್ಚಿನ ವಿವರ ಬೇಕು ಎಂದಿತು. ಡ್ಯಾನ್ ಜಿಪುಣನಲ್ಲ, ಇನ್ನಷ್ಟು ಕೊಟ್ಟ.

ಅದೇ ವರ್ಷ ನವೆಂಬರ್ 9ಕ್ಕೆ ‘ನ್ಯೂಯಾರ್ಕ್ ಹೆರಾಲ್ಡ್’ ಸೆಂಟ್ರಲ್ ಪಾರ್ಕಿನ ಮೃಗಾಲಯದಿಂದ ಪ್ರಾಣಿಗಳು ತಪ್ಪಿಸಿಕೊಂಡು 49 ಜನ ಸತ್ತರು ಎಂದು ಪುಟ ತುಂಬಿಸಿತು. ಇದೆಲ್ಲ ಬರೀ ಕಟ್ಟುಕಥೆ ಎಂದು ಕೊನೆಯ ಪ್ಯಾರಾದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಸ್ಪಷ್ಟನೆಯನ್ನು ಬಚ್ಚಿಡಲು ಕೊನೆಯ ಪ್ಯಾರಾಕ್ಕಿಂತ ಭದ್ರ ತಿಜೋರಿ ಇಲ್ಲ.

ಇವರೆಲ್ಲರ ಗುರು ಬಂದದ್ದು ತಡವಾಗಿ. 1917ರ ಡಿಸೆಂಬರ್ 28ರ ‘ನ್ಯೂಯಾರ್ಕ್ ಈವ್ನಿಂಗ್ ಮೇಲ್’ನಲ್ಲಿ ಪತ್ರಕರ್ತ ಎಚ್. ಎಲ್. ಮೆಂಕನ್ ಅಮೆರಿಕದ ಸ್ನಾನದ ತೊಟ್ಟಿಯ 75ನೇ ವರ್ಷವನ್ನು ಎಲ್ಲರೂ ಮರೆತರಲ್ಲ ಎಂದು ಮರುಗಿದ. ಬಾವಲಿ ಮನುಷ್ಯ ಇಲ್ಲ, ರಕ್ತ ಇಲ್ಲ. ಬಚ್ಚಲು! ಸಿನ್ಸಿನಾಟಿಯ ಆಡಂ ಥಾಂಪ್ಸನ್ 1842ರ ಡಿಸೆಂಬರ್ 20ರಂದು ಮೊದಲ ತೊಟ್ಟಿಗೆ ಇಳಿದನಂತೆ. ಮಹಾಗನಿ ಮರ, ಒಳಗೆ ಸೀಸದ ತಗಡು, ಏಳಡಿ ಉದ್ದ, ನಾಲ್ಕಡಿ ಅಗಲ, ತೂಕ 1,750 ಪೌಂಡ್, ಅಂದರೆ ಹತ್ತಿರಹತ್ತಿರ ಎಂಟು ಕ್ವಿಂಟಲ್. ಬೆಳಿಗ್ಗೆ ಎಂಟಕ್ಕೆ ತಣ್ಣೀರು, ಮಧ್ಯಾಹ್ನ ಬಿಸಿನೀರು. ವೈದ್ಯರು ಆರೋಗ್ಯಕ್ಕೆ ಅಪಾಯ ಎಂದರು. ವರ್ಜೀನಿಯಾ ತೊಟ್ಟಿಗೆ ವರ್ಷಕ್ಕೆ 30 ಡಾಲರ್ ತೆರಿಗೆ ಹಾಕಿತು. ಫಿಲಡೆಲ್ಫಿಯಾದಲ್ಲಿ ನವೆಂಬರ್ 1ರಿಂದ ಮಾರ್ಚ್ 15ರವರೆಗೆ ತೊಟ್ಟಿಸ್ನಾನ ನಿಷೇಧಿಸುವ ಮಸೂದೆ ಎರಡೇ ಮತದಿಂದ ಬಿದ್ದುಹೋಯಿತು. ಕೊನೆಗೆ ಅಧ್ಯಕ್ಷ ಮಿಲರ್ಡ್ ಫಿಲ್‌ಮೋರ್ 1851ರಲ್ಲಿ ಶ್ವೇತಭವನಕ್ಕೆ ತೊಟ್ಟಿ ತಂದ ಮೇಲೆ ಬಾಯಿಗಳು ಮುಚ್ಚಿದವು.

ಆ ಎರಡು ಮತಕ್ಕೆ ಕೈಮುಗಿಯಬೇಕು. ಜಾರಿಯಾದ ಕಾನೂನನ್ನು ಪುಸ್ತಕದಲ್ಲಿ ಹುಡುಕಬಹುದು. ಬಿದ್ದುಹೋದ ಮಸೂದೆಯನ್ನು ಹುಡುಕಲು ಹಳೇ ಕಡತಕ್ಕೆ ಇಳಿಯಬೇಕು, ಅಷ್ಟಕ್ಕೆ ಸೊಂಟ ಬಗ್ಗಿಸುವವರು ಯಾರು? ವರ್ಜೀನಿಯಾದ ತೆರಿಗೆಯನ್ನಾದರೂ ಒಂದು ಗಂಟೆಯಲ್ಲಿ ತಾಳೆ ನೋಡಬಹುದಿತ್ತು. ನೋಡುವ ಬದಲು ವೈದ್ಯರು, ಲೇಖಕರು, ಆಕರಗ್ರಂಥ ಮಾಡುವವರು ನಕಲು ಮಾಡಿಕೊಂಡರು.

ಎಂಟೂವರೆ ವರ್ಷ ಕಾದು, 1926ರ ಮೇ 23ರಂದು ಮೆಂಕನ್ ಹಲವು ಪತ್ರಿಕೆಗಳಲ್ಲಿ ಏಕಕಾಲಕ್ಕೆ ಬರೆದ: ಎಲ್ಲಾ ನನ್ನ ತಲೆಯಿಂದ ಹುಟ್ಟಿದ್ದು. ‘ಬೋಸ್ಟನ್ ಹೆರಾಲ್ಡ್’ ಈ ತಪ್ಪೊಪ್ಪಿಗೆಯನ್ನು ನಾಲ್ಕು ಕಾಲಂ ಶೀರ್ಷಿಕೆ ಕೊಟ್ಟು, ಅಮೆರಿಕದ ಜನ ಏನು ಕೊಟ್ಟರೂ ನುಂಗುತ್ತಾರೆ ಎಂದು ವ್ಯಂಗ್ಯಚಿತ್ರ ಸಮೇತ ಹಾಕಿತು. ಮೂರು ವಾರ ಕಳೆದು ಜೂನ್ 13ಕ್ಕೆ ಅದೇ ‘ಬೋಸ್ಟನ್ ಹೆರಾಲ್ಡ್’ ಅದೇ ತೊಟ್ಟಿಯ ಕಥೆಯನ್ನು ಸುದ್ದಿ ಎಂದು ಗಂಭೀರವಾಗಿ ಛಾಪಿಸಿತು. ಜುಲೈನಲ್ಲಿ ಮೆಂಕನ್ ಎರಡನೇ ಸಲ ತಪ್ಪೊಪ್ಪಿಕೊಂಡ, ಈ ಬಾರಿ ಸ್ವಲ್ಪ ಗಾಬರಿಯಿಂದ. ಅಧ್ಯಕ್ಷ ಟ್ರೂಮನ್ ಕೂಡ ಮುಂದೆ ಈ ಕಥೆಯನ್ನು ನಿಜವೆಂದೇ ಹೇಳಿದ್ದುಂಟು. ಅಂದಹಾಗೆ, ನಿಜ ಷೂ ಕಟ್ಟಿಕೊಳ್ಳುವಷ್ಟರಲ್ಲಿ ಸುಳ್ಳು ಅರ್ಧ ಜಗತ್ತು ಸುತ್ತಿರುತ್ತದೆ ಎಂದು ಟ್ವೇನ್ ಹೇಳಿದ್ದಾನೆ ಎಂಬ ಶುಭೋದಯದ ಚಿತ್ರ ನಿಮಗೂ ಬಂದಿರುತ್ತದೆ. ಅವನ ಬರಹದಲ್ಲಿ ಆ ಮಾತು ಎಲ್ಲೂ ಇಲ್ಲ.

ಫಿಲ್‌ಮೋರ್ ಹುಟ್ಟಿದ ಸೀಮೆಯ ಮೊರೇವಿಯಾ ಎಂಬ ಊರಿನಲ್ಲಿ ಅವನ ಹೆಸರಿನ ಹಬ್ಬದಂದು ಸ್ನಾನದ ತೊಟ್ಟಿಗಳಿಗೆ ಚಕ್ರ ಕಟ್ಟಿ ಬೀದಿಯಲ್ಲಿ ಓಟದ ಪಂದ್ಯ ನಡೆಸಿದ್ದಾರೆ. ತೊಟ್ಟಿಯ ತೂಕ 1,750 ಪೌಂಡ್ ಇರಬೇಕು ಎಂದು ಮಾತ್ರ ಯಾರೂ ಪಟ್ಟು ಹಿಡಿದಂತಿಲ್ಲ. ತಾವೇ ತಳ್ಳಬೇಕಾಗಿ ಬಂದಾಗ ಜನ ಮೆಂಕನ್‌ನ ಅಂಕಿಯನ್ನು ನಂಬಲಿಲ್ಲ.