ಮಿಲ್ಟ್ರಿ ಮುತ್ಯಾನ ಫ್ಲೆಕ್ಸ್

ಸುರಪುರ ಸೀಮೆಯಲ್ಲಿ ಮಿಲ್ಟ್ರಿ ಮುತ್ಯಾ, ಅಂದರೆ ಸೇನೆಯಲ್ಲಿದ್ದು ಬಂದ ಅಜ್ಜ, ತೀರಿಕೊಂಡರೆ ಶಿವಗಣಾರಾಧನೆಗೆ ಸ್ವಾಮಿಗಳು ಸಿಗುತ್ತಾರೆ, ಅಡುಗೆಯವರು ಸಿಗುತ್ತಾರೆ, ಹುಗ್ಗಿಗೆ ಬೆಲ್ಲವೂ ಸಿಗುತ್ತದೆ. ಸಿಗದಿರುವುದು ಒಂದೇ, ಫ್ಲೆಕ್ಸಿಗೆ ಹಾಕಬೇಕಾದ ಜನನ ತಾರೀಖು.

"ಹುಟ್ಟಿದ್ದ ಯಾವಾಗ್ರೀ?" ಅಂತ ಅಂಗಡಿಯ ಹುಡುಗ ಕೇಳಿದರೆ ಮನೆಯವರು ಮೂರು ಕಾಗದ ಮುಂದಿಡುತ್ತಾರೆ. ಉರ್ದುವಿನಲ್ಲಿ ಶಾಲೆ ದಾಖಲೆ, ಇಂಗ್ಲಿಷಿನಲ್ಲಿ ಸೇನೆ ಬಿಟ್ಟಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕು, ಮತ್ತೆ ಆಧಾರ್. ಮೂರರಲ್ಲೂ ಬೇರೆ ಬೇರೆ. ಮುತ್ಯಾನ ಹೆಂಡತಿ ಆಯಿಯನ್ನು ಕೇಳಿದರೆ, "ಜ್ವಾಳದ ರಾಶಿ ಮುಗದಿತ್ತಂತ, ಬಿಸಲು ಹೊಂಟಿತ್ತಂತ, ನಮ್ಮತ್ತಿ ಹೇಳ್ತಿದ್ಳು" ಅನ್ನುತ್ತಾಳೆ. ನಂಬುವುದಾದರೆ ಆಯಿಯನ್ನೇ ನಂಬಬೇಕು.

ಯಾಕೆಂದರೆ ನಿಜಾಮರ ಕಾಲದ ದಾಖಲೆಯಲ್ಲಿರುವುದು ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷ. ಅದು ಅಕ್ಟೋಬರಿನಲ್ಲಿ ಶುರುವಾಗುತ್ತದೆ. ಹಾಗಾಗಿ ಇಸವಿ ತಿಳಿಯಬೇಕಾದರೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹುಟ್ಟಿದವರಿಗೆ 590 ಕೂಡಿಸಬೇಕು, ಜನವರಿ ನಂತರ ಹುಟ್ಟಿದವರಿಗೆ 591. 1350 ಫಸಲಿಯ ಬೇಸಿಗೆ ಅಂದರೆ 1941. ಸೇನೆಗೆ ಭರ್ತಿ ಮಾಡಿಕೊಂಡ ಗುಮಾಸ್ತ ಎಲ್ಲರಿಗೂ 590 ಕೂಡಿಸಿದರೆ ಮುತ್ಯಾ 1940ರಲ್ಲೇ ಹುಟ್ಟಿಬಿಡುತ್ತಾನೆ. 80 ತುಂಬಿದಾಗ ಪಿಂಚಣಿಗೆ ಶೇ. 20 ಹೆಚ್ಚುವರಿ ಸೇರುತ್ತದಲ್ಲ, ಅದೂ ಒಂದು ವರ್ಷ ಮೊದಲೇ ಬಂದಿರುತ್ತದೆ. ಈ ಲೆಕ್ಕವನ್ನು ಮನೆಯಲ್ಲಿ ಯಾರೂ ಗಟ್ಟಿಯಾಗಿ ಓದುವುದಿಲ್ಲ.

ಹುಟ್ಟೂರಿನದು ಇನ್ನೊಂದು ಕಥೆ. ಮನೆ ಅದೇ, ಕಟ್ಟೆ ಅದೇ, ಬೇವಿನ ಗಿಡ ಅದೇ. ಆದರೆ ಮುತ್ಯಾ ಹುಟ್ಟಿದ್ದು ಹೈದರಾಬಾದ್ ಸಂಸ್ಥಾನದಲ್ಲಿ, ಸೇನೆಗೆ ಸೇರಿದ್ದು ಮೈಸೂರು ರಾಜ್ಯದಿಂದ. 1973ರ ಅಕ್ಟೋಬರ್ ಕೊನೆಗೆ ರಜೆ ಮೇಲೆ ಬಂದವರಂತೂ ಮೈಸೂರು ರಾಜ್ಯದಲ್ಲಿ ಇಳಿದು ಕರ್ನಾಟಕದಲ್ಲಿ ರೈಲು ಹತ್ತಿದರು. ಪಿಂಚಣಿ ಕಾಗದದಲ್ಲಿ ಗುಲಬರ್ಗಾ ಜಿಲ್ಲೆ, 2010ರಿಂದ ಯಾದಗಿರಿ ಜಿಲ್ಲೆ. ಇಷ್ಟು ವಲಸೆ ಹೋದರೂ ಮುತ್ಯಾ ಹೊಸ್ತಿಲು ದಾಟಿಲ್ಲ.

ಹುದ್ದೆ ಬರೆಸುವಾಗ ಸ್ವಲ್ಪ ತಡೆಯಬೇಕು. ಸೇನೆಯ 'ನಾಯಕ್' ಅಂದರೆ ತೋಳಿನ ಮೇಲೆ ಎರಡು ಪಟ್ಟಿ. ಒಂದಿದ್ದರೆ ಲಾನ್ಸ್ ನಾಯಕ್, ಮೂರಿದ್ದರೆ ಹವಾಲ್ದಾರ್. ಹುಡುಗ 'ಕ್'ಗೆ ಬದಲು 'ಕ' ಒತ್ತಿದರೆ ಸುರಪುರದಲ್ಲಿ ಅದು ಸಂಸ್ಥಾನದ ನಾಯಕ ಅರಸರ ಮಾತಾಗುತ್ತದೆ. ಪಾಪ, ಗೌಡರ ಮನೆ ಮುತ್ಯಾ ಸತ್ತ ಮೇಲೆ ಅರಸು ಮನೆತನಕ್ಕೆ ಸೇರಿಬಿಡುತ್ತಾನೆ. ಹವಾಲ್ದಾರ್ ಅಂತ ಹಾಕಿದರೆ "ಯಾವ ಠಾಣೇದಾಗ ಇದ್ರು?" ಅಂತ ಕೇಳುವವರು ಇದ್ದೇ ಇದ್ದಾರೆ.

ದೊಡ್ಡ ಅನಾಹುತವಾಗುವುದು ಫೋಟೋದಲ್ಲಿ. ಒಂದು ಕಡೆ ಮುತ್ಯಾ, ಇನ್ನೊಂದು ಕಡೆ ಶ್ರೀಗಳು. ಮುತ್ಯಾನ ಮುಖ ಒಳಗೆ ನೋಡಲಿ ಅಂತ ಹುಡುಗ ಫೋಟೋ ತಿರುವಿ ಹಾಕುತ್ತಾನೆ. ಎಡ ಎದೆಯ ಪದಕಗಳು ಬಲಕ್ಕೆ ಬರುತ್ತವೆ. ಸಮಾರಂಭಗಳಲ್ಲಿ ತೀರಿಹೋದ ಸೈನಿಕನ ಪದಕವನ್ನು ಅವನ ಮನೆಯವರು ಬಲ ಎದೆಗೆ ಧರಿಸುವ ಪದ್ಧತಿ ಇದೆ. ಬಲ್ಲವರು ನೋಡಿದರೆ, ಯಾರದೋ ಪದಕ ಹಾಕಿಕೊಂಡು ನಿಂತಿದ್ದಾನಲ್ಲ ಈ ಮುತ್ಯಾ ಅಂದುಕೊಳ್ಳಬೇಕು. ಅಚ್ಚಿಗೆ ಕೊಡುವ ಮೊದಲು ಗುಂಡಿ ಪಟ್ಟಿ ನೋಡಿರಿ: ಗಂಡಸರ ಅಂಗಿಯಲ್ಲಿ ಎಡ ಮಗ್ಗಲು ಬಲದ ಮೇಲೆ ಬರುತ್ತದೆ. ಉಲ್ಟಾ ಇದ್ದರೆ ಮುತ್ಯಾನೂ ಉಲ್ಟಾ.

ಪದಕಗಳ ಕೆಳಗೆ 'ವೀರ ಚಕ್ರ ವಿಜೇತ' ಅಂತ ಬರೆಸುವ ಹುಮ್ಮಸ್ಸು ಮೊಮ್ಮಕ್ಕಳಿಗೆ ಇರುತ್ತದೆ. ಬೇಡ, ಅದು ಶೌರ್ಯಕ್ಕೆ ಕೊಡುವಂಥದ್ದು. ಮುತ್ಯಾನ ಸಂಗ್ರಾಮ್ ಪದಕ 1971ರ ಯುದ್ಧದ ಹೊತ್ತಿಗೆ ಸೇವೆಯಲ್ಲಿದ್ದವರದು, ಪಶ್ಚಿಮೀ ಸ್ಟಾರ್ ಪಶ್ಚಿಮ ರಂಗದಲ್ಲಿದ್ದವರದು, ಇನ್ನೊಂದು ಸ್ವಾತಂತ್ರ್ಯದ 25ನೇ ವರ್ಷದ್ದು. ಇವು ಸಾಲದೇ? ಆದರೆ ಹುಣಸೆಹಣ್ಣು, ಬೂದಿ ಹಚ್ಚಿ ದೇವರ ಸಾಮಾನಿನ ಹಾಗೆ ತಿಕ್ಕಬಾರದು. ಪದಕದ ಮೇಲೆ ಸೈನಿಕನ ನಂಬರು, ಹೆಸರು ಕೊರೆದಿರುತ್ತದೆ. ಆಯಿ ವರ್ಷಾವರ್ಷ ದೀಪಾವಳಿಗೆ ತಿಕ್ಕಿದರೆ ಪದಕ ಫಳಫಳ ಹೊಳೆಯುತ್ತದೆ, ಯಾರದು ಅಂತ ಮಾತ್ರ ಗೊತ್ತಾಗುವುದಿಲ್ಲ. ಒಣಗಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹರಿದ ರಿಬ್ಬನ್ ಬದಲು ಕುಪ್ಪಸದ ಲೇಸ್ ಹೊಲಿದದ್ದೂ ಉಂಟು. ರಿಬ್ಬನ್ 32 ಮಿಲಿಮೀಟರ್ ಅಗಲದ್ದು, ಒಂದೊಂದು ಪದಕಕ್ಕೆ ಒಂದೊಂದು ಬಣ್ಣ.

ಕೊನೆಗೆ ಆಯಿಯ ಹೆಸರು. ಊರಿಗೆಲ್ಲ ಮಲ್ಲವ್ವ, ಆಧಾರಿನಲ್ಲಿ ಮಲ್ಲಮ್ಮ, ಸೇನೆಯ ದಾಖಲೆಯಲ್ಲಿ ಯಾವುದೋ ಹಿಂದಿ ಗುಮಾಸ್ತನ 'ಮಲ್ಲಾವಾ'. ಫ್ಲೆಕ್ಸಿನಲ್ಲಿ ಏನು ಹಾಕಿದರೂ ನಡೆಯುತ್ತದೆ, ಕುಟುಂಬ ಪಿಂಚಣಿಗೆ ನಡೆಯುವುದಿಲ್ಲ. ಮುತ್ಯಾ ಗಟ್ಟಿ ಇರುವಾಗಲೇ ಸರಿ ಮಾಡಿಸಿಟ್ಟರೆ ಒಂದು ಅರ್ಜಿಯ ಕೆಲಸ. ಆಮೇಲಾದರೆ ಮರಣ ಪ್ರಮಾಣಪತ್ರ, ಪಿಂಚಣಿ ಆದೇಶ, ಡಿಸ್ಚಾರ್ಜ್ ಬುಕ್ಕುಗಳ ಜೊತೆಗೆ ಮಲ್ಲವ್ವ, ಮಲ್ಲಮ್ಮ, ಮಲ್ಲಾವಾ ಮೂವರೂ ಒಬ್ಬಳೇ ಅಂತ ಅಫಿಡವಿಟ್ಟೂ ಹೊತ್ತುಕೊಂಡು ಸೈನಿಕ ಕಲ್ಯಾಣ ಕಚೇರಿಗೆ ತಿರುಗಬೇಕು.

ಡಿಸ್ಚಾರ್ಜ್ ಬುಕ್ಕು ಎಲ್ಲಿದೆ ಅಂತ ಹುಡುಕುವವರು ಕಪಾಟಿನಲ್ಲಿ ಹುಡುಕುತ್ತಾರೆ. ಅದು ಕರಿ ಟ್ರಂಕಿನ ತಳದಲ್ಲಿರುತ್ತದೆ. ಮುಚ್ಚಳದ ಮೇಲೆ ಬಿಳಿ ಬಣ್ಣದ ನಂಬರು ಇನ್ನೂ ಓದಲು ಬರುತ್ತದೆ. ಮೇಲಿನ ನಾಲ್ಕು ಡಜನ್ ಖಡಕ್ ರೊಟ್ಟಿ ಮುರಿಯದ ಹಾಗೆ ಎತ್ತಿಟ್ಟು, ಆಮೇಲೆ ಕೈ ಹಾಕಬೇಕು. ಆಯಿ ಎಣಿಸಿಟ್ಟಿರುತ್ತಾಳೆ.